ತತ್ತ್ವಕ್ಕೆ ಒಪ್ಪಿಗೆ, ಕಲಮಿಗೆ ತಕರಾರು: ಹೆಣ್ಣುಮಕ್ಕಳ ಆಸ್ತಿಹಕ್ಕು ಮತ್ತು ಶಾಸನಸಭೆಯ ಚರ್ಚೆ

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 6ನೇ ಕಲಮನ್ನು ಹೊಲದ ಲೆಕ್ಕದಲ್ಲಿ ಓದಿದರೆ ಅದರ ಅರ್ಥ ಬೇಗ ತಿಳಿಯುತ್ತದೆ. ಪಿತ್ರಾರ್ಜಿತವಾಗಿ ಬಂದ 9 ಎಕರೆ ಜಮೀನು ಇದೆ. ತಂದೆ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ತಾಯಿ ಮೊದಲೇ ತೀರಿಕೊಂಡಿದ್ದಾಳೆ. ತಂದೆ ಉಯಿಲು ಬರೆಯದೆ ಸತ್ತ. ಅವನು ಸಾಯುವ ಮುನ್ನ ಅವನಿಗೂ ಗಂಡುಮಕ್ಕಳಿಗೂ ವಿಭಾಗವಾಗಿತ್ತು ಎಂದು ಭಾವಿಸಿಕೊಳ್ಳುವಂತೆ ಈ ಕಲಮಿನ ಪರಂತುಕಕ್ಕೆ ಕೊಟ್ಟ ವಿವರಣೆ ಹೇಳುತ್ತಿತ್ತು. ಹಾಗೆ ಭಾವಿಸಿದಾಗ ಮೂವರು ಗಂಡಸರಿಗೆ ತಲಾ 3 ಎಕರೆ. ತಂದೆಯ ಪಾಲಿಗೆ ಬಂದ 3 ಎಕರೆ ಮಾತ್ರ ಮೂವರು ಮಕ್ಕಳಲ್ಲಿ ಸಮನಾಗಿ ಹಂಚಿಕೆಯಾಗುತ್ತದೆ. ಕೊನೆಗೆ ಒಬ್ಬೊಬ್ಬ ಮಗನಿಗೆ 4 ಎಕರೆ, ಮಗಳಿಗೆ 1 ಎಕರೆ. ಮಗ ಮಗಳಿಗೆ ಸಮಪಾಲು ಕೊಟ್ಟೆವೆಂದು ಸಂಸತ್ತು ಹೇಳಿಕೊಂಡದ್ದು ಈ ಕಾಯ್ದೆಯ ಬಗ್ಗೆಯೇ. ಉಯಿಲು ಬರೆದಿದ್ದರೆ ಆ ಒಂದು ಎಕರೆಯೂ ಇಲ್ಲ. ಅವಿಭಕ್ತ ಆಸ್ತಿಯಲ್ಲಿನ ತನ್ನ ಪಾಲನ್ನು ಬೇಕಾದವರಿಗೆ ಬರೆದಿಡುವ ಅಧಿಕಾರವನ್ನು 30ನೇ ಕಲಮು ತಂದೆಗೆ ಹೊಸದಾಗಿ ಕೊಟ್ಟಿತ್ತು.

ಮಹಿಳೆಯರ ಸಮಾನತೆಯ ಬಗ್ಗೆ ನಮ್ಮ ಶಾಸನಸಭೆಗಳಲ್ಲಿ ನಡೆದ ಚರ್ಚೆಗಳನ್ನು ಸಾಮಾನ್ಯವಾಗಿ ಪರ ಮತ್ತು ವಿರೋಧದ ಭಾಷಣಗಳಾಗಿ ಓದುತ್ತೇವೆ. ಆ ಓದಿಗೆ ಮುಖ್ಯವಾದದ್ದೊಂದು ದಕ್ಕುವುದಿಲ್ಲ. ಸ್ವಾತಂತ್ರ್ಯಾನಂತರ ಸಮಾನತೆಯನ್ನು ತತ್ತ್ವವಾಗಿ ಅಲ್ಲಗಳೆದ ಸದಸ್ಯರು ಕಡಿಮೆ. ಯಾವ ದಿನಾಂಕದಿಂದ, ಯಾವ ಹೆಣ್ಣಿಗೆ, ಯಾವ ಆಸ್ತಿಗೆ, ಯಾವ ಸಭೆಯ ಅಧಿಕಾರದಿಂದ ಎಂಬ ಪ್ರಶ್ನೆಗಳಲ್ಲಿ ತಕರಾರು ತೆಗೆದವರು ಬಹಳ. ನಿಜವಾದ ವಾಗ್ವಾದ ನಡೆದದ್ದು ಪರಂತುಕಗಳಲ್ಲಿ, ವಿನಾಯಿತಿಗಳಲ್ಲಿ, ಜಾರಿಯ ದಿನಾಂಕಗಳಲ್ಲಿ ಎಂಬುದು ಈ ಲೇಖನದ ವಾದ.

ಹಿಂದೂ ಸಂಹಿತೆ ಮಸೂದೆಯ ಕಥೆಯನ್ನು ಈ ದೃಷ್ಟಿಯಿಂದ ಮತ್ತೆ ನೋಡಬೇಕಾಗಿದೆ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಅವರ ಅಧ್ಯಕ್ಷತೆಯ ಸಮಿತಿ 1941ರಲ್ಲಿ ನೇಮಕವಾಗಿ, 1944ರಲ್ಲಿ ಮತ್ತೆ ಜೀವ ತಳೆದು, 1945ರ ಆರಂಭದ ತಿಂಗಳುಗಳಲ್ಲಿ ಮುಂಬಯಿ, ಪುಣೆ, ಅಲಹಾಬಾದ್, ಕಲ್ಕತ್ತಾ, ಮದರಾಸು, ಲಾಹೋರ್ ಮುಂತಾದ ನಗರಗಳಲ್ಲಿ ಸಾಕ್ಷ್ಯ ಸಂಗ್ರಹಿಸಿತು. ಅದರ ಕರಡಿನಲ್ಲಿ ಮಗಳಿಗೆ ಮಗನ ಅರ್ಧ ಪಾಲು. 1947ರ ಏಪ್ರಿಲ್‌ನಲ್ಲಿ ಮಂಡನೆಯಾದ ಮಸೂದೆ ಮರುವರ್ಷ ಪ್ರವರ ಸಮಿತಿಗೆ ಹೋಯಿತು. ಕಾನೂನು ಮಂತ್ರಿ ಅಂಬೇಡ್ಕರ್ ನೇತೃತ್ವದಲ್ಲಿ ಅದು ಹೊರಬಂದಾಗ ಅರ್ಧ ಹೋಗಿ ಪೂರ್ತಿ ಸಮಪಾಲು ಬಂದಿತ್ತು. ಅದಕ್ಕಿಂತ ದೊಡ್ಡದು ಇನ್ನೊಂದು. ಹುಟ್ಟಿನಿಂದಲೇ ಗಂಡುಮಗನಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಬರುವ ಮಿತಾಕ್ಷರ ಪದ್ಧತಿಯನ್ನೇ ಮಸೂದೆ ತೆಗೆದುಹಾಕುತ್ತಿತ್ತು. ಬಂಗಾಳದಲ್ಲಿ ದಾಯಭಾಗ ಪದ್ಧತಿಯಂತೆ ಜನ್ಮಸಿದ್ಧ ಹಕ್ಕು ಮೊದಲಿನಿಂದಲೂ ಇರಲಿಲ್ಲ. ಬಂಗಾಳದ ಹಿಂದೂಗಳಲ್ಲಿ ಇರುವುದನ್ನು ದೇಶಕ್ಕೆಲ್ಲ ಅನ್ವಯಿಸುತ್ತಿದ್ದೇವೆ, ಇದರಲ್ಲಿ ಧರ್ಮ ಕೆಡುವುದೇನಿದೆ ಎಂಬುದು ಅಂಬೇಡ್ಕರ್ ಅವರ ಉತ್ತರದ ಸಾರ.

ಸಭೆಯ ಸ್ವರೂಪವನ್ನು ಗಮನಿಸಬೇಕು. ಅದೇ ಸದಸ್ಯರು ಸಂವಿಧಾನ ಸಭೆಯಾಗಿ ಕೂತಾಗ, 1948ರ ನವೆಂಬರ್ 29ರಂದು, ಲಿಂಗದ ಆಧಾರದ ಮೇಲೆ ತಾರತಮ್ಯ ಸಲ್ಲದೆಂಬ ವಿಧಿಯನ್ನು ಚರ್ಚಿಸಿ ಅಂಗೀಕರಿಸಿದರು. ಶಾಸನಸಭೆಯಾಗಿ ಕೂತಾಗ, ಮಗಳಿಗೆ ಪಾಲು ಕೊಡುವ ಮಸೂದೆಯನ್ನು ವರ್ಷಗಟ್ಟಲೆ ಎಳೆದರು. ತತ್ತ್ವ ಪಾಸಾಗಲು ಒಂದು ದಿನ ಸಾಕಾಯಿತು. ಹೊಲ ಮನೆಯ ಮಾತಿಗೆ ನಾಲ್ಕು ವರ್ಷವೂ ಸಾಲಲಿಲ್ಲ.

ವಿರೋಧದ ವಾದಗಳು ಹಲವು. ಅಳಿಯ ಪರಕೀಯ, ಅವನು ಮನೆಯೊಳಗೆ ಬಂದು ಆಸ್ತಿ ಒಡೆಯುತ್ತಾನೆ. ಭೂಮಿ ತುಂಡು ತುಂಡಾಗುತ್ತದೆ. ಓದಿದ ಪಟ್ಟಣದ ನಾಲ್ಕು ಹೆಂಗಸರ ಹೊರತು ಇದು ಯಾರಿಗೂ ಬೇಡ. ಹಿಂದೂಗಳಿಗೆ ಮಾತ್ರ ಯಾಕೆ, ಎಲ್ಲರಿಗೂ ಒಂದೇ ಸಂಹಿತೆ ತನ್ನಿ. ನಜೀರುದ್ದೀನ್ ಅಹ್ಮದ್ ಅವರಂಥವರು ಪ್ರವರ ಸಮಿತಿಯ ಕ್ರಮವನ್ನೇ ಪ್ರಶ್ನಿಸಿದರು. ಇವೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಇನ್ನೊಂದು ವಾದ: ಈ ಸಭೆ ವಯಸ್ಕ ಮತದಾನದಿಂದ ಆರಿಸಿ ಬಂದದ್ದಲ್ಲ, ಆದ್ದರಿಂದ ಚುನಾವಣೆಯವರೆಗೆ ಕಾಯೋಣ. ಕೇಳಲು ಇದು ಪ್ರಜಾಪ್ರಭುತ್ವದ ಮಾತು. ರಾಷ್ಟ್ರಪತಿ ರಾಜೇಂದ್ರ ಪ್ರಸಾದರೂ ಇದೇ ನಿಲುವಿನವರು. ಆದರೆ ಇಡೀ ದೇಶಕ್ಕೆ ಸಂವಿಧಾನ ಬರೆಯುವ ಅಧಿಕಾರ ಇದ್ದ ಸಭೆಗೆ ಮಗಳ ಪಾಲು ಬರೆಯುವ ಅಧಿಕಾರ ಮಾತ್ರ ಇಲ್ಲವೆಂಬುದನ್ನು ಒಪ್ಪುವುದು ಕಷ್ಟ. ರೇಣುಕಾ ರೇ, ಹಂಸಾ ಮೆಹ್ತಾ, ದುರ್ಗಾಬಾಯಿ ಮೊದಲಾದವರು ಮಸೂದೆಯ ಪರ ನಿಂತರು. ಸಂವಿಧಾನ ಸಭೆಯಲ್ಲಿ ಒಟ್ಟು ಮಹಿಳೆಯರಿದ್ದದ್ದೇ 15. 1951ರ ಸೆಪ್ಟೆಂಬರ್ ಹೊತ್ತಿಗೆ ಪಾಸಾದದ್ದು ನಾಲ್ಕು ಕಲಮುಗಳು. ಮಸೂದೆಯನ್ನು ಕೈಬಿಡಲಾಯಿತು. ಅಂಬೇಡ್ಕರ್ 27ರಂದು ರಾಜೀನಾಮೆ ಪತ್ರ ಕೊಟ್ಟರು. ಗಂಡು ಹೆಣ್ಣಿನ ನಡುವಿನ ಅಸಮಾನತೆಯನ್ನು ಮುಟ್ಟದೆ ಬಿಟ್ಟು ಆರ್ಥಿಕ ಕಾನೂನುಗಳನ್ನು ಮಾಡುತ್ತ ಹೋಗುವುದು ಸಂವಿಧಾನವನ್ನು ಅಣಕಿಸಿದಂತೆ ಎಂಬ ಅರ್ಥದ ಮಾತು ಅವರ ರಾಜೀನಾಮೆಯ ಹೇಳಿಕೆಯಲ್ಲಿದೆ.

ಚುನಾವಣೆ ಮುಗಿಯಿತು. ಜನಾದೇಶವೂ ಬಂತು. ಸಂಹಿತೆ ತುಂಡಾಗಿ 1955 ಮತ್ತು 1956ರಲ್ಲಿ ನಾಲ್ಕು ಕಾಯ್ದೆಗಳಾದವು. ಆದರೆ ಅಂಬೇಡ್ಕರ್ ತೆಗೆಯಹೊರಟಿದ್ದ ಮಿತಾಕ್ಷರ ಸಹದಾಯಾದಿತ್ವ 6ನೇ ಕಲಮಿನಲ್ಲಿ ಹಾಗೆಯೇ ಉಳಿಯಿತು. ಕಾದದ್ದರ ಫಲ ಮೊದಲು ಹೇಳಿದ 4 ಎಕರೆ, 1 ಎಕರೆಯ ಲೆಕ್ಕ. ಅದೇ ಕಾಯ್ದೆಯ 14ನೇ ಕಲಮು ಹೆಣ್ಣಿನ ಕೈಯಲ್ಲಿರುವ ಆಸ್ತಿಗೆ ಆಕೆಯನ್ನು ಪೂರ್ಣ ಒಡತಿಯನ್ನಾಗಿ ಮಾಡಿದ್ದು ದೊಡ್ಡ ಗೆಲುವು ಎಂಬುದನ್ನು ಮರೆಯಬಾರದು. ವಿಧವೆಯ ಸೀಮಿತ ಹಕ್ಕು ಅಲ್ಲಿಗೆ ಕೊನೆಗೊಂಡಿತು. ಆದರೆ 23ನೇ ಕಲಮು ತವರಿನ ವಾಸದ ಮನೆಯಲ್ಲಿ ಪಾಲು ಕೇಳದಂತೆ ಅವಳನ್ನು ತಡೆಯಿತು. ಅಣ್ಣತಮ್ಮಂದಿರು ಹಂಚಿಕೊಳ್ಳಲು ಮನಸ್ಸು ಮಾಡುವವರೆಗೆ ಅವಳು ಕಾಯಬೇಕು. ಅಲ್ಲಿ ವಾಸಿಸುವ ಹಕ್ಕೂ ಮದುವೆಯಾಗದವಳಿಗೆ, ಗಂಡ ಬಿಟ್ಟವಳಿಗೆ, ಗಂಡನಿಂದ ಬೇರೆಯಾದವಳಿಗೆ, ವಿಧವೆಗೆ ಮಾತ್ರ.

ಧರ್ಮಶಾಸ್ತ್ರವನ್ನು ಮುಟ್ಟಬೇಡಿ ಎಂದವರ ವಾದವನ್ನು ಕನ್ನಡನಾಡಿನವರು ವಿಶೇಷವಾಗಿ ಪರೀಕ್ಷಿಸಬೇಕು, ಏಕೆಂದರೆ ಮಿತಾಕ್ಷರ ಹುಟ್ಟಿದ್ದು ಇಲ್ಲಿ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಅದು. ಮಗನಿಗೆ ಜನ್ಮಸಿದ್ಧ ಹಕ್ಕು ಹೇಳಿದವನೇ ಸ್ತ್ರೀಧನದ ವ್ಯಾಪ್ತಿಯನ್ನು ಬಹಳ ದೊಡ್ಡದು ಮಾಡಿದ್ದಾನೆ: ಉತ್ತರಾಧಿಕಾರದಿಂದ ಬಂದದ್ದು, ಕೊಂಡದ್ದು, ವಿಭಾಗದಲ್ಲಿ ಬಂದದ್ದು ಎಲ್ಲವೂ ಅವನ ಪ್ರಕಾರ ಸ್ತ್ರೀಧನವೇ. ಅವಿವಾಹಿತ ಸೋದರಿಗೆ ಕಾಲು ಪಾಲು ಎಂಬ ಸ್ಮೃತಿವಾಕ್ಯವನ್ನು ಮದುವೆಯ ಖರ್ಚೆಂದು ಸವೆಸದೆ, ಆಕೆಗೆ ನಿಜವಾಗಿಯೂ ಸಲ್ಲಬೇಕಾದ ಪಾಲೆಂದು ಅವನು ಅರ್ಥಮಾಡುತ್ತಾನೆ. ಸ್ತ್ರೀಧನದ ಈ ವಿಶಾಲ ಅರ್ಥವನ್ನು ಕಿರಿದುಗೊಳಿಸಿದ್ದು ಲಂಡನ್ನಿನ ಪ್ರಿವಿ ಕೌನ್ಸಿಲ್ಲಿನ ತೀರ್ಪುಗಳು. ಹೀಗಾಗಿ 1949ರಲ್ಲಿ ಸನಾತನವೆಂದು ಎತ್ತಿಹಿಡಿದ ಪರಂಪರೆಯ ಒಂದು ಭಾಗ ವಸಾಹತು ನ್ಯಾಯಾಲಯದ ಕೊಡುಗೆ. ಶಾಸ್ತ್ರದ ಹೆಸರಿನಲ್ಲಿ ಮಾತಾಡಿದವರು ಶಾಸ್ತ್ರವನ್ನು ಇನ್ನಷ್ಟು ಹತ್ತಿರದಿಂದ ಓದಬೇಕಿತ್ತು.

ಹಾಗೆ ಓದಿದ ಒಂದು ಶಾಸನಸಭೆ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆಯನ್ನು ಜಾರಿಗೆ ತಂದಿತು. ಬ್ರಿಟಿಷ್ ಭಾರತದಲ್ಲಿ ವಿಧವೆಗೆ ಸೀಮಿತ ಹಕ್ಕು ಕೊಟ್ಟ ದೇಶಮುಖ್ ಕಾಯ್ದೆ ಬಂದದ್ದು ಇದಾದ ನಾಲ್ಕು ವರ್ಷಕ್ಕೆ. ಅದೂ ಕೃಷಿಭೂಮಿಗೆ ಅನ್ವಯಿಸುವುದಿಲ್ಲವೆಂದು 1941ರಲ್ಲಿ ಫೆಡರಲ್ ಕೋರ್ಟು ಹೇಳಿತು. ಮೈಸೂರಿನ ಕಾಯ್ದೆಯ 8ನೇ ಕಲಮಿನಲ್ಲಿ ತಂದೆ ಮಕ್ಕಳು ಬೇರೆಯಾಗುವಾಗ ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ, ಗಂಡುಸಂತಾನವಿಲ್ಲದೆ ತೀರಿಕೊಂಡ ಮಗ ಅಥವಾ ಸೋದರನ ವಿಧವೆಗೆ ಪಾಲು ಗೊತ್ತುಮಾಡಿದೆ. ಅವಿವಾಹಿತ ಮಗಳಿಗೆ ಸೋದರನ ಪಾಲಿನ ನಾಲ್ಕನೆಯ ಒಂದು ಭಾಗ, ಅಂದರೆ ವಿಜ್ಞಾನೇಶ್ವರ ಹೇಳಿದ ಅದೇ ಕಾಲು. 10ನೇ ಕಲಮಿನ ಸ್ತ್ರೀಧನದ ಪಟ್ಟಿಯಲ್ಲಿಯೂ ಅವನ ವಿಶಾಲ ದೃಷ್ಟಿಯ ನೆರಳಿದೆ. ನಮ್ಮ 9 ಎಕರೆಯನ್ನು ತಂದೆ ಬದುಕಿರುವಾಗಲೇ 8ನೇ ಕಲಮಿನಂತೆ ಹಂಚಿದರೆ ಮಗಳಿಗೆ 28 ಗುಂಟೆಗೆ ತುಸು ಕಡಿಮೆ ಸಿಗುತ್ತದೆ. ಬಹಳ ಕಡಿಮೆ, ನಿಜ. ಆದರೆ ತಂದೆ ಸಾಯುವುದನ್ನು ಕಾಯದೆ, ವಿಭಾಗದ ಹೊತ್ತಿಗೇ ಹೆಣ್ಣಿಗೆ ಪಾಲು ಕೊಡುವ ಯೋಚನೆ 1933ರಲ್ಲಿಯೇ ಕಾನೂನಿನ ರೂಪ ಪಡೆದಿತ್ತು. ಇಲ್ಲಿಯೂ ಕತ್ತರಿ ಹಾಕಿದ್ದು ಮದುವೆ: ತಾಳಿ ಕಟ್ಟಿಸಿಕೊಂಡವಳಿಗೆ ತವರಿನ ವಿಭಾಗದಲ್ಲಿ ಸ್ಥಾನವಿಲ್ಲ.

ಈ ಕಾಯ್ದೆ ಹಳೆ ಮೈಸೂರಿಗೆ ಸೀಮಿತ. ಬೆಳಗಾವಿ, ಧಾರವಾಡ ಮುಂಬಯಿ ಪ್ರಾಂತದಲ್ಲಿದ್ದವು, ಕಲಬುರಗಿ ನಿಜಾಮರ ಕೆಳಗೆ. ಮದರಾಸು ಪ್ರಾಂತಕ್ಕೆ ಸೇರಿದ ದಕ್ಷಿಣ ಕನ್ನಡದಲ್ಲಿ ಬಂಟರು, ಬಿಲ್ಲವರು ಮೊದಲಾದವರ ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು. ಹೆಣ್ಣಿಗೆ ಭೂಮಿ ಕೊಟ್ಟರೆ ಕುಟುಂಬ ಒಡೆಯುತ್ತದೆ ಎಂದು ದೆಹಲಿಯಲ್ಲಿ ಗಾಬರಿಗೊಂಡವರಿಗೆ ಈ ಜಿಲ್ಲೆಯೊಂದೇ ಉತ್ತರ ಕೊಡಬಹುದಿತ್ತು. ವಿಚ್ಛೇದನದ ಮಾತೂ ಹೀಗೇ. ಬಹುಸಂಖ್ಯಾತ ಶೂದ್ರ ಜಾತಿಗಳಲ್ಲಿ ಅದು ರೂಢಿಯಲ್ಲಿಯೇ ಇದೆಯೆಂದು ಅಂಬೇಡ್ಕರ್ ಸಭೆಗೆ ನೆನಪಿಸಿದ್ದರು. ಕೂಡಿಕೆ, ಸೀರುಡಿಕೆಯಂಥ ಮರುಮದುವೆಯ ರೂಢಿಗಳನ್ನು ಬಲ್ಲ ನಮ್ಮ ಹಳ್ಳಿಗಳಿಗೆ ಅದು ಹೊಸ ವಿಷಯವಾಗಿರಲಿಲ್ಲ.

ಮುಂದಿನ ಹೆಜ್ಜೆ ಇಟ್ಟದ್ದು ರಾಜ್ಯಗಳು. ಕೇರಳ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಮಾಡಿತು. ಆಂಧ್ರಪ್ರದೇಶ, ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ಮಗಳನ್ನೂ ಹುಟ್ಟಿನಿಂದ ಸಹದಾಯಾದಿಯೆಂದು ಒಪ್ಪಿದವು. ಕರ್ನಾಟಕದ ತಿದ್ದುಪಡಿಯ ಹೆಸರಿನಲ್ಲಿ 1990 ಎಂದಿದ್ದರೂ ರಾಷ್ಟ್ರಪತಿಯ ಅಂಕಿತ ಸಿಕ್ಕಿ ಜಾರಿಗೆ ಬಂದದ್ದು 1994ರ ಜುಲೈ 30ಕ್ಕೆ. ಆ ದಿನಕ್ಕೆ ಮೊದಲೇ ಮದುವೆಯಾದ ಮಗಳಿಗೆ ಇದು ಅನ್ವಯಿಸದು ಎಂಬ ಮಾತೂ ಅದರಲ್ಲಿತ್ತು. ಅಕ್ಕನಿಗೆ ಆ ವರ್ಷದ ಮೇ ತಿಂಗಳಲ್ಲಿ ಮದುವೆ, ತಂಗಿಗೆ ನವೆಂಬರಿನಲ್ಲಿ ಎಂದುಕೊಳ್ಳಿ. ಒಂದೇ ತಾಯಿಯ ಮಕ್ಕಳು, ಒಂದೇ ಪಹಣಿಯ ಜಮೀನು. ತಂಗಿ ಅಣ್ಣನಿಗೆ ಸಮ, ಅಕ್ಕ ಹಳೆಯ ಲೆಕ್ಕಕ್ಕೆ. ಮದುವೆಯಾಗದವರನ್ನೂ ವಂಚಿಸುವ ದಾರಿ ಆ ನಾಲ್ಕು ವರ್ಷಗಳ ಅಂತರದಲ್ಲಿತ್ತು, ಯಾಕೆಂದರೆ ಜಾರಿಗೆ ಮುಂಚೆ ಆದ ವಿಭಾಗಕ್ಕೂ ಕಾಯ್ದೆ ಅನ್ವಯಿಸುತ್ತಿರಲಿಲ್ಲ. ಮಸೂದೆ ಅಂಕಿತಕ್ಕೆ ಕಾಯುವಷ್ಟು ಕಾಲ ಪಾಲುಪಟ್ಟಿ ಬರೆಸಿಕೊಳ್ಳಲು ಬಾಗಿಲು ತೆರೆದೇ ಇತ್ತು.

2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರ ತಿದ್ದುಪಡಿ ಮದುವೆಯ ಷರತ್ತನ್ನು ಕೈಬಿಟ್ಟಿತು, 23ನೇ ಕಲಮನ್ನು ಕಿತ್ತುಹಾಕಿತು. 9 ಎಕರೆಯ ಲೆಕ್ಕ ಕೊನೆಗೂ ತಲಾ 3 ಎಕರೆಯಾಯಿತು. ಶಾಸನಕರ್ತರು ಈ ಸಲ ಎಚ್ಚರ ವಹಿಸಿದ್ದರು: ಮಸೂದೆ ಮಂಡನೆಯಾದ 2004ರ ಡಿಸೆಂಬರ್ 20ಕ್ಕೆ ಮೊದಲು ಆದ ವಿಭಾಗಗಳಿಗಷ್ಟೇ ರಕ್ಷಣೆ, ವಿಭಾಗವೆಂದರೆ ನೋಂದಣಿಯಾದದ್ದು ಇಲ್ಲವೇ ಕೋರ್ಟಿನ ಡಿಕ್ರಿ ಇದ್ದದ್ದು. ಬಿಳಿಹಾಳೆಯಲ್ಲಿ ಬರೆದ ವಾಟ್ನಿ ಪತ್ರವನ್ನು ಹಿಂದಿನ ದಿನಾಂಕ ಹಾಕಿ ತಂದರೆ ನಡೆಯದು. ಇಷ್ಟಾದರೂ ದಿನಾಂಕದ ಜಗಳ ಮುಗಿಯಲಿಲ್ಲ. ಕರ್ನಾಟಕದಿಂದ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ, ಆ ಸೆಪ್ಟೆಂಬರ್ 9ರಂದು ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಹಕ್ಕು ಎಂದಿತು. 2018ರಲ್ಲಿ, ಇದೂ ಕರ್ನಾಟಕದ್ದೇ ಪ್ರಕರಣ, 2001ರಲ್ಲಿಯೇ ತಂದೆ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಬದುಕಿರಬೇಕೆಂಬ ನಿಯಮವಿಲ್ಲವೆಂದು ತ್ರಿಸದಸ್ಯ ಪೀಠ ಸ್ಪಷ್ಟಪಡಿಸಿದ್ದು 2020ರ ಆಗಸ್ಟ್ 11ರಂದು. ಈ ಹದಿನೈದು ವರ್ಷಗಳಲ್ಲಿ ಅಣ್ಣತಮ್ಮಂದಿರು ಮುಂದಿಟ್ಟ ಹಕ್ಕು ಬಿಡುಗಡೆ ಪತ್ರಕ್ಕೆ, ತವರು ಮುಚ್ಚಿಹೋದೀತೆಂಬ ಅಳುಕಿನಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದ ಹೆಣ್ಣುಮಕ್ಕಳಿಗೆ ಆ ತೀರ್ಪಿನಿಂದ ಹೆಚ್ಚೇನೂ ದಕ್ಕಲಿಲ್ಲ.

ರಾಜಕೀಯ ಪ್ರಾತಿನಿಧ್ಯದ ಚರ್ಚೆಯಲ್ಲಿಯೂ ಇದೇ ರೀತಿ ಕಾಣುತ್ತದೆ. ಮಂಡಲ ಪಂಚಾಯಿತಿಗಳಲ್ಲಿ ಶೇ. 25ರಷ್ಟು ಸ್ಥಾನ ಮೀಸಲಿಟ್ಟು 1987ರಲ್ಲಿ ಚುನಾವಣೆ ನಡೆಸಿದ ರಾಜ್ಯ ನಮ್ಮದು. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೆಯ ಒಂದು ಭಾಗ ಮೀಸಲಿಡುವ ಮಸೂದೆ ಮೊದಲು ಮಂಡನೆಯಾದದ್ದು ಎಚ್.ಡಿ. ದೇವೇಗೌಡರ ಸರ್ಕಾರದಲ್ಲಿ, 1996ರ ಸೆಪ್ಟೆಂಬರ್ 12ರಂದು. ಅದನ್ನು ತಡೆದವರಲ್ಲಿ ಹಿಂದುಳಿದ ವರ್ಗದ ಮಹಿಳೆಯರಿಗೆ ಒಳಮೀಸಲಾತಿ ಕೇಳಿದವರೂ ಇದ್ದರು. ಆ ಬೇಡಿಕೆಯನ್ನು ಬರೀ ನೆಪವೆಂದು ತಳ್ಳಿಹಾಕುವುದು ಸರಿಯಲ್ಲ. ಯಾವ ಹೆಣ್ಣಿಗೆ ಎಂಬ ಪ್ರಶ್ನೆ ಅಲ್ಲಿ ನ್ಯಾಯದ ಪ್ರಶ್ನೆಯೇ ಆಗಿತ್ತು. ಆದರೆ ಅದಕ್ಕೆ ತಿದ್ದುಪಡಿ ತಂದು ಮುಂದುವರಿಯುವ ಬದಲು ಮಸೂದೆಯನ್ನೇ ಕೊಳೆಹಾಕಲಾಯಿತು. 2023ರ ಸೆಪ್ಟೆಂಬರಿನಲ್ಲಿ ಲೋಕಸಭೆ 454 ಮತಗಳಿಂದ, ಇಬ್ಬರ ವಿರೋಧದ ನಡುವೆ, ಮೀಸಲಾತಿಗೆ ಒಪ್ಪಿತು. ರಾಜ್ಯಸಭೆಯಲ್ಲಿ ವಿರೋಧವೇ ಇಲ್ಲ. ಒಪ್ಪಿದ ಆ ಕಾಯ್ದೆಯಲ್ಲಿಯೇ, ಮುಂದಿನ ಜನಗಣತಿಯ ಆಧಾರದ ಮೇಲೆ ಕ್ಷೇತ್ರ ಮರುವಿಂಗಡಣೆಯಾದ ನಂತರ ಜಾರಿ ಎಂಬ 334ಎ ವಿಧಿ ಕೂತಿತ್ತು.

ಉತ್ತರಾಧಿಕಾರ ಕಾಯ್ದೆಯಲ್ಲಿ 2005ರ ತಿದ್ದುಪಡಿ ಮುಟ್ಟದೆ ಬಿಟ್ಟ ಕಲಮು ಒಂದಿದೆ. ಗಂಡ ತೀರಿಕೊಂಡ, ಮಕ್ಕಳಿಲ್ಲದ ಮಹಿಳೆಯೊಬ್ಬಳು ತನ್ನ ದುಡಿಮೆಯಿಂದ ಮನೆ ಕಟ್ಟಿಸಿ, ಉಯಿಲು ಬರೆಯದೆ ತೀರಿಕೊಂಡರೆ 15ನೇ ಕಲಮಿನ ಪ್ರಕಾರ ಆ ಮನೆ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ. ಅತ್ತೆ ಮಾವ ಇಲ್ಲದಿದ್ದರೆ ಮೈದುನನಿಗೆ. ಹೆತ್ತು ಓದಿಸಿದ ತಾಯಿ ಬದುಕಿದ್ದರೂ ಅವಳ ಸರದಿ ಆಮೇಲೆ. ಗಂಡಸು ಹೀಗೆ ತೀರಿಕೊಂಡರೆ ಅವನ ಗಳಿಕೆ ಹೆಂಡತಿಯ ತವರಿಗೆ ಹೋಗುವ ಪ್ರಮೇಯವೇ ಇಲ್ಲ. ಅವನ ತಾಯಿ ಮೊದಲ ವರ್ಗದ ವಾರಸುದಾರಳು. ಕಾನೂನು ಆಯೋಗ 2008ರ ತನ್ನ 207ನೇ ವರದಿಯಲ್ಲಿ, ಮಹಿಳೆಯ ಸ್ವಯಾರ್ಜಿತ ಆಸ್ತಿ ಇಂಥ ಸಂದರ್ಭದಲ್ಲಿ ತವರಿನವರಿಗೂ ಗಂಡನ ಕಡೆಯವರಿಗೂ ಸಮನಾಗಿ ಸೇರಲೆಂದು ಶಿಫಾರಸು ಮಾಡಿದೆ. ಸಂಸತ್ತು ಅದನ್ನಿನ್ನೂ ಕಾಯ್ದೆಯಾಗಿ ಮಾಡಿಲ್ಲ.