ಒಂದು ಸಾಲು ಬಿಟ್ಟುಹೋದ ದೆವ್ವದ ಸಿನಿಮಾಗಳು

ದೆವ್ವದ ಸಿನಿಮಾ ನೋಡೋ ಚಟ ಇರೋರಲ್ಲಿ ಎರಡು ಜಾತಿ. ದೊಡ್ಡ ಬ್ಯಾನರಿನ, ಹೆಸರು ಮಾಡಿದ ಚಿತ್ರಗಳನ್ನ ಆರಿಸಿಕೊಂಡು ನೋಡೋರು ಒಂದು. ಯಾರೂ ಕೇಳಿರದ, ಕಾಸಿಲ್ಲದೆ ತೆಗೆದ, ಬೆಳಕು ಸರಿಯಿಲ್ಲದ, ತುಟಿಗೂ ಮಾತಿಗೂ ಸಂಬಂಧವೇ ಇರದ ಚಿತ್ರಗಳನ್ನ ಹುಡುಕಿಕೊಂಡು ಹೋಗಿ ನೋಡೋರು ಇನ್ನೊಂದು. ನಾನು ಎರಡನೇ ಜಾತಿ. ಹತ್ತು ನೋಡಿದರೆ ಎಂಟರಲ್ಲಿ ನಿದ್ದೆ ಬರುತ್ತೆ. ಒಂಬತ್ತನೆಯದಕ್ಕೆ ನಗು ಬರುತ್ತೆ. ಹತ್ತನೆಯದು ಮಾತ್ರ, ರಾತ್ರಿ ನೀರು ಕುಡಿಯೋಕೆ ಅಡುಗೆಮನೆಗೆ ಹೋಗುವಾಗ ಎಲ್ಲ ಲೈಟೂ ಹಾಕಿಕೊಂಡು ಹೋಗೋ ಹಾಗೆ ಮಾಡುತ್ತೆ. ಆ ಒಂದಕ್ಕಾಗಿ ಉಳಿದ ಒಂಬತ್ತನ್ನ ಸಹಿಸಿಕೊಳ್ಳೋದು.

ಇವತ್ತು ಹೇಳಹೊರಟಿರೋದು 1960ರ ದಶಕದ ಅಮೆರಿಕದ ಮೂರು ಚಿತ್ರಗಳ ಕಥೆ. ಮೂರನ್ನೂ ತೆಗೆದವರು ಹಾಲಿವುಡ್‌ನವರಲ್ಲ. ಮೂರರಲ್ಲೂ ತೆರೆಯ ಮೇಲೆ ಇರಬೇಕಿದ್ದ ಒಂದೇ ಒಂದು ಸಾಲು ಇರಲಿಲ್ಲ. ಆ ಸಾಲಿನ ವಿಷಯಕ್ಕೆ ಆಮೇಲೆ ಬರ್ತೀನಿ.

ಮೊದಲನೆಯದು 1962ರ 'ಕಾರ್ನಿವಲ್ ಆಫ್ ಸೋಲ್ಸ್'. ಇದರ ನಿರ್ದೇಶಕ ಹರ್ಕ್ ಹಾರ್ವಿ, ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನಲ್ಲಿ ಸೆಂಟ್ರಾನ್ ಅನ್ನೋ ಕಂಪನಿಯಲ್ಲಿದ್ದವರು. ಶಾಲಾ ಮಕ್ಕಳಿಗೆ ಶಿಸ್ತು ಕಲಿಸೋ, ಕಾರ್ಖಾನೆಯವರಿಗೆ ಸುರಕ್ಷತೆ ಹೇಳಿಕೊಡೋ ಕಿರುಚಿತ್ರಗಳನ್ನ ತೆಗೆಯೋದು ಅವರ ನೌಕರಿ. ಒಮ್ಮೆ ಕಾರಿನಲ್ಲಿ ಹೋಗುವಾಗ ಯೂಟಾದ ಉಪ್ಪುನೀರಿನ ದೊಡ್ಡ ಸರೋವರದ ದಂಡೆಯಲ್ಲಿ ಸಾಲ್ಟೇರ್ ಅನ್ನೋ ವಿಹಾರ ಮಂದಿರ ಪಾಳುಬಿದ್ದಿದ್ದು ಕಂಡಿತು. 1893ರಲ್ಲಿ ಮೊದಲು ಕಟ್ಟಿ, 1925ರಲ್ಲಿ ಸುಟ್ಟುಹೋಗಿ, ಮತ್ತೆ ಕಟ್ಟಿ, 1958ರಲ್ಲಿ ಬಾಗಿಲು ಹಾಕಿದ ಜಾಗ ಅದು. ಹಾರ್ವಿ ಊರಿಗೆ ಬಂದವರೇ ಸಹೋದ್ಯೋಗಿ ಜಾನ್ ಕ್ಲಿಫರ್ಡ್‌ಗೆ ಒಂದು ಕಥೆ ಬರಿ ಅಂದರು. ಕೊನೆಯಲ್ಲಿ ಸತ್ತವರು ಆ ಪಾಳು ಕಟ್ಟಡದಲ್ಲಿ ಕುಣಿಯಬೇಕು, ಉಳಿದಿದ್ದು ನಿನ್ನಿಷ್ಟ ಅನ್ನೋದಷ್ಟೇ ಷರತ್ತು.

ನೌಕರಿಗೆ ಮೂರು ವಾರ ರಜೆ ಹಾಕಿ, ಸುಮಾರು 33 ಸಾವಿರ ಡಾಲರಿನಲ್ಲಿ ಚಿತ್ರ ಮುಗಿಸಿದರು. ಕಾರು ಸೇತುವೆಯಿಂದ ನದಿಗೆ ಬೀಳುತ್ತೆ. ಎಷ್ಟೋ ಹೊತ್ತಿನ ಮೇಲೆ ಅದರಲ್ಲಿದ್ದ ಒಬ್ಬಳು ಹುಡುಗಿ ಮಾತ್ರ ಕೆಸರು ಮೆತ್ತಿಕೊಂಡು ಎದ್ದು ಬರ್ತಾಳೆ. ಚರ್ಚಿನಲ್ಲಿ ಆರ್ಗನ್ ನುಡಿಸೋ ಕೆಲಸಕ್ಕೆ ಅಂತ ಬೇರೆ ಊರಿಗೆ ಹೋಗ್ತಾಳೆ. ಹೋದಲ್ಲೆಲ್ಲ ಬಿಳಿಚಿದ ಮುಖದ ಒಬ್ಬ ಗಂಡಸು ಕಾಣಿಸ್ತಾನೆ (ದುಡ್ಡು ಉಳಿಸೋಕೋ ಏನೋ, ಆ ಪಾತ್ರ ಹಾರ್ವಿಯವರದ್ದೇ!). ನಡುನಡುವೆ ಅವಳಿಗೆ ಊರಿನ ಸದ್ದೆಲ್ಲ ನಿಂತುಹೋಗುತ್ತೆ. ಅಂಗಡಿಯಲ್ಲಿ ಮಾತಾಡಿಸಿದರೆ ಯಾರಿಗೂ ಅವಳು ಕಾಣೋದೇ ಇಲ್ಲ. ರಕ್ತ ಇಲ್ಲ, ಕಿರುಚಾಟ ಹೆಚ್ಚಿಲ್ಲ. ಬರೀ ಆರ್ಗನ್ ಸದ್ದು. ಇದು ನಾನು ಹೇಳಿದ ಆ ಹತ್ತನೆಯ ಚಿತ್ರ.

ಎರಡನೆಯದು 'ಮ್ಯಾನೋಸ್: ದ ಹ್ಯಾಂಡ್ಸ್ ಆಫ್ ಫೇಟ್' (1966). ಸ್ಪ್ಯಾನಿಷ್‌ನಲ್ಲಿ ಮ್ಯಾನೋಸ್ ಅಂದರೇ ಕೈಗಳು. ಅಂದರೆ ಹೆಸರಿನ ಅರ್ಥ 'ಕೈಗಳು: ವಿಧಿಯ ಕೈಗಳು' :-) ಇಲ್ಲಿಂದಲೇ ಶುರು ನೋಡಿ. ಟೆಕ್ಸಾಸ್‌ನ ಎಲ್ ಪಾಸೋದಲ್ಲಿ ಗೊಬ್ಬರ ಮಾರುತ್ತಿದ್ದ ಹೆರಾಲ್ಡ್ ವಾರೆನ್, ಚಿತ್ರಕಥೆಗಾರ ಸ್ಟರ್ಲಿಂಗ್ ಸಿಲಿಫಾಂಟ್ ಜೊತೆ ಪಂದ್ಯ ಕಟ್ಟಿದರು: ದೆವ್ವದ ಸಿನಿಮಾ ತೆಗೆಯೋದೇನು ಮಹಾ, ನಾನೂ ತೆಗೀತೀನಿ ಅಂತ. ಬಜೆಟ್ ಸುಮಾರು 19 ಸಾವಿರ ಡಾಲರ್. ಕೀಲಿ ಕೊಟ್ಟು ತಿರುಗಿಸೋ ಕ್ಯಾಮೆರಾ. ಒಮ್ಮೆ ಕೀಲಿ ಕೊಟ್ಟರೆ 32 ಸೆಕೆಂಡ್ ಅಷ್ಟೇ ಓಡೋದು. ಹಾಗಾಗಿ ಯಾವ ದೃಶ್ಯವೂ ಅದಕ್ಕಿಂತ ಉದ್ದ ಇರೋ ಹಾಗಿಲ್ಲ. ಧ್ವನಿ ಹಿಡಿಯೋ ಸೌಕರ್ಯವೂ ಇಲ್ಲ. ಎಲ್ಲ ಪಾತ್ರಗಳ ಮಾತನ್ನೂ ಆಮೇಲೆ ಬೆರಳೆಣಿಕೆಯ ಜನ ಕೂತು ಹೇಳಿಬಿಟ್ಟರು. ರಾತ್ರಿ ದೃಶ್ಯಗಳಲ್ಲಿ ಲೈಟಿಗೆ ಮುತ್ತಿಕೊಂಡ ಹುಳುಗಳು ಈಗಲೂ ಕಾಣುತ್ತವೆ.

1966ರ ನವೆಂಬರ್ 15ರಂದು ಊರಿನ ಕ್ಯಾಪ್ರಿ ಚಿತ್ರಮಂದಿರದಲ್ಲಿ ಮೊದಲ ಪ್ರದರ್ಶನ. ಜನ ಬಿದ್ದೂ ಬಿದ್ದೂ ನಕ್ಕರು. ನಟಿಸಿದ್ದ ಪುಟ್ಟ ಹುಡುಗಿ, ತೆರೆಯ ಮೇಲೆ ತನ್ನ ಬಾಯಿಂದ ಇನ್ಯಾರದೋ ದನಿ ಬಂದಿದ್ದು ಕೇಳಿ ಅತ್ತುಬಿಟ್ಟಳಂತೆ. ಟಾರ್ಗೋ ಅನ್ನೋ ಸೇವಕನ ಪಾತ್ರ ಮಾಡಿದ್ದ ಜಾನ್ ರೆನಾಲ್ಡ್ಸ್ ಆ ಪ್ರದರ್ಶನ ನೋಡಲೇ ಇಲ್ಲ. ಅದಕ್ಕೆ ಒಂದು ತಿಂಗಳು ಮೊದಲೇ ತೀರಿಕೊಂಡಿದ್ದರು. ಚಿತ್ರ ನೋಡುವಾಗ ಅವರ ಮಂಡಿ ನಡುಗೋದನ್ನ ಕಂಡು ಎಲ್ಲರೂ ನಗ್ತಾರೆ. ಇದು ಗೊತ್ತಾದ ಮೇಲೆ ನನಗಂತೂ ಅಲ್ಲಿ ಮೊದಲಿನ ಹಾಗೆ ನಗು ಬರೋಲ್ಲ. ಉಳಿದಂತೆ, ಸುಳ್ಳು ಯಾಕೆ, ಚಿತ್ರ ಭಯಂಕರ ಬೋರು. ಶುರುವಿನಲ್ಲಿ ಕಾರು ಸುಮ್ಮನೆ ಓಡ್ತಾನೇ ಇರುತ್ತೆ.. ಓಡ್ತಾನೇ ಇರುತ್ತೆ..

ಮೂರನೆಯದು ಈಗ ಎಲ್ಲರಿಗೂ ಗೊತ್ತು. ಆದರೆ ಹುಟ್ಟುವಾಗ ಅದೂ ಅನಾಮಧೇಯವೇ: 1968ರ 'ನೈಟ್ ಆಫ್ ದ ಲಿವಿಂಗ್ ಡೆಡ್'. ಪಿಟ್ಸ್‌ಬರ್ಗ್‌ನಲ್ಲಿ ಜಾಹೀರಾತು ಚಿತ್ರ ಮಾಡಿಕೊಂಡಿದ್ದ ಜಾರ್ಜ್ ರೊಮೆರೊ ಮತ್ತು ಗೆಳೆಯರು ಹತ್ತು ಜನ ತಲಾ 600 ಡಾಲರ್ ಹಾಕಿ ಶುರು ಮಾಡಿದ್ದು. ಒಟ್ಟು ಖರ್ಚು 1,14,000 ಡಾಲರ್ ಹತ್ತಿರ ಬಂತು. ಕಪ್ಪು-ಬಿಳುಪಾದ್ದರಿಂದ ರಕ್ತಕ್ಕೆ ಚಾಕೊಲೇಟ್ ಸಿರಪ್ ಸಾಕಾಯ್ತು. ನಾಯಕ ಡ್ವೇನ್ ಜೋನ್ಸ್ ಕರಿಯ ನಟ. ರಾತ್ರಿಯಿಡೀ ಹೆಣಗಳ ಜೊತೆ ಹೋರಾಡಿ ಉಳಿದವನನ್ನ ಬೆಳಿಗ್ಗೆ ಬಂದ ಬಂದೂಕುಧಾರಿ ಬಿಳಿಯರು ಹೆಣವೆಂದುಕೊಂಡು ಹೊಡೆದುಹಾಕ್ತಾರೆ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವರ್ಷವೇ ಅಮೆರಿಕದ ಜನ ಇದನ್ನ ನೋಡಿದ್ದು. ಆ ಕೊನೆ ಅವರಿಗೆ ಹೇಗೆ ತಟ್ಟಿರಬೇಡ!

ಈಗ ಆ ಸಾಲಿನ ವಿಷಯ. ಅಮೆರಿಕದ 1909ರ ಕಾಯ್ದೆ ಪ್ರಕಾರ, ಕೃತಿಯ ಮೇಲೆ ಹಕ್ಕು ಇಂಥವರದು ಅನ್ನೋ ಸೂಚನೆ ಇಲ್ಲದೆ ಅದನ್ನ ಹೊರತಂದರೆ ಹಕ್ಕು ಹೋಯ್ತು ಅಂತಲೇ ಲೆಕ್ಕ. ರೊಮೆರೊ ಚಿತ್ರಕ್ಕೆ ಮೊದಲು 'ನೈಟ್ ಆಫ್ ದ ಫ್ಲೆಶ್ ಈಟರ್ಸ್' ಅಂತ ಹೆಸರಿತ್ತು. ಸೂಚನೆ ಇದ್ದಿದ್ದು ಆ ಹೆಸರಿನ ಜೊತೆಗೆ. ವಿತರಕರು ಹೆಸರು ಬದಲಿಸಿದಾಗ ಹಳೆಯ ಶೀರ್ಷಿಕೆ ತೆಗೆದು ಹೊಸದು ಹಾಕಿದರು, ಸೂಚನೆ ಹಾಕೋದನ್ನ ಮರೆತರು. ನಮ್ಮ ಪ್ರೋಗ್ರಾಮಿನಲ್ಲಿ ಒಂದು ಸೆಮಿಕೋಲನ್ ಬಿಟ್ಟರೆ ಕಂಪೈಲರ್ ಬೈಯುತ್ತೆ. ಇಲ್ಲಿ ಬೈಯೋಕೆ ಯಾರೂ ಇರಲಿಲ್ಲ. ಹಾರ್ವಿ, ವಾರೆನ್ ಚಿತ್ರಗಳಲ್ಲೂ ಆ ಸಾಲಿಲ್ಲ.

ಪರಿಣಾಮ? ಯಾರು ಬೇಕಾದರೂ ಪ್ರಿಂಟು ತೆಗೆದು ಮಾರಬಹುದು, ಟೀವಿಯಲ್ಲಿ ಹಾಕಬಹುದು, ತೆಗೆದವರಿಗೆ ಒಂದು ಪೈಸೆ ಕೊಡಬೇಕಿಲ್ಲ. ರೊಮೆರೊ ತಂಡಕ್ಕೆ ಬರಬೇಕಿದ್ದ ಎಷ್ಟೋ ಹಣ ಹೀಗೆ ಕೈತಪ್ಪಿತು. ಹಾರ್ವಿಗಂತೂ ವಿತರಕ ಕಂಪನಿಯೇ ಮುಳುಗಿಹೋಗಿ ಕೈಗೆ ಏನೂ ಹತ್ತಲಿಲ್ಲ. ಅವರು ಮತ್ತೆ ಪಾಠದ ಕಿರುಚಿತ್ರಗಳಿಗೇ ಹೋದರು. ಇನ್ನೊಂದು ಪೂರ್ಣ ಪ್ರಮಾಣದ ಚಿತ್ರ ತೆಗೆಯಲೇ ಇಲ್ಲ. ಈ ಹಾಳು ಚಟದ ದೊಡ್ಡ ನಿರಾಸೆ ನನಗೆ ಕೆಟ್ಟ ಚಿತ್ರಗಳಲ್ಲ, ಇದು. ಅಷ್ಟು ಚೆನ್ನಾಗಿ ತೆಗೆಯಬಲ್ಲ ಮನುಷ್ಯನ ಎರಡನೇ ಚಿತ್ರ ಇಲ್ಲ ಅನ್ನೋದು.

ಆದರೆ ಹಣ ಕಳೆದ ಅದೇ ಮರೆವಿನಿಂದ ಚಿತ್ರಗಳಿಗೆ ಆಯಸ್ಸೂ ಸಿಕ್ಕಿತು. ಪುಕ್ಕಟೆ ಸಿಗುತ್ತೆ ಅಂತ ಟೀವಿ ಚಾನೆಲ್ಲುಗಳು ನಡುರಾತ್ರಿ ಹಾಕಿದವು, ಕ್ಯಾಸೆಟ್ಟಿನವರು ಅಚ್ಚು ಹಾಕಿ ಮಾರಿದರು. ಹಕ್ಕು ಭದ್ರವಾಗಿದ್ದ ಎಷ್ಟೋ ಸಣ್ಣ ಚಿತ್ರಗಳು ಗೋದಾಮಿನ ಡಬ್ಬಿಗಳಲ್ಲೇ ಕೊಳೆತವು. ಇವು ಮಸುಕು ಮಸುಕಾಗಿ, ಅರ್ಧಂಬರ್ಧ ಕತ್ತರಿಸಿಕೊಂಡು, ಹೇಗೋ ಮನೆಮನೆ ಸುತ್ತಿದವು. 'ಕಾರ್ನಿವಲ್' 1989ರಲ್ಲಿ ಮತ್ತೆ ಚಿತ್ರಮಂದಿರಕ್ಕೆ ಬಂತು. 1996ರಲ್ಲಿ ತೀರಿಕೊಂಡ ಹಾರ್ವಿ ಆ ಮೆಚ್ಚುಗೆಯನ್ನಾದರೂ ಕಂಡರು. 'ಮ್ಯಾನೋಸ್' ಅನ್ನ 1993ರಲ್ಲಿ ಕೆಟ್ಟ ಚಿತ್ರಗಳನ್ನ ಗೇಲಿ ಮಾಡೋ ಒಂದು ಟೀವಿ ಕಾರ್ಯಕ್ರಮ ಎತ್ತಿಕೊಂಡು ಹೆಸರುವಾಸಿ ಮಾಡಿತು. 2011ರಲ್ಲಿ ಅದರ ಮೂಲ 16 ಎಂಎಂ ಪ್ರತಿ ಒಬ್ಬ ಸಿನಿಮಾಪ್ರೇಮಿಗೆ ಸಿಕ್ಕಿ, ಜನರಿಂದ ಚಂದಾ ಎತ್ತಿ ಅದನ್ನ ಶುಚಿ ಮಾಡಿದ್ದೂ ಆಯ್ತು. ರೊಮೆರೊ ಚಿತ್ರ 1999ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿ ಸೇರಿತು, 2016ರಲ್ಲಿ ಪೂರ್ತಿ ದುರಸ್ತಿಯಾಯ್ತು. ಮುಂದಿನ ವರ್ಷವೇ ರೊಮೆರೊ ಹೋಗಿಬಿಟ್ಟರು.

ಹಕ್ಕು ಇರಬಾರದು ಅಂತ ಇದರರ್ಥವಲ್ಲ. ದುಡಿದವನಿಗೆ ದುಡ್ಡು ಸಿಗಬೇಕು. ಆದರೆ ಬೀಗ ಹಾಕಿಟ್ಟವನೇ ಬೀಗದ ಕೈ ಎಲ್ಲಿಟ್ಟೆ ಅಂತ ಮರೆತಾಗ ಒಳಗಿದ್ದ ಚಿತ್ರಕ್ಕೆ ಯಾರು ದಿಕ್ಕು? 1989ರ ಮಾರ್ಚಿನಿಂದ ಅಮೆರಿಕದಲ್ಲಿ ಆ ಸೂಚನೆ ಕಡ್ಡಾಯವಲ್ಲ. ಸಾಲು ಬಿಟ್ಟರೂ ಹಕ್ಕು ಉಳಿಯುತ್ತೆ. ಆಮೇಲಿನ ಅನಾಮಧೇಯ ಚಿತ್ರಗಳಿಗೆ ಈ ಮೂರಕ್ಕೆ ಸಿಕ್ಕ ಅದೃಷ್ಟ ಸಿಗುತ್ತೋ ಇಲ್ಲವೋ ಅನ್ನೋ ಯೋಚನೆ ನನಗಿದೆ.

ಪುರುಸೊತ್ತಿದ್ದರೆ 'ಕಾರ್ನಿವಲ್' ನೋಡಿ, ಒಂದೂಕಾಲು ಗಂಟೆ ಅಷ್ಟೇ. 'ಮ್ಯಾನೋಸ್' ನೋಡೋದಾದರೆ ಒಬ್ಬರೇ ಕೂರಬೇಡಿ, ಮಾತಾಡೋಕೆ ನಾಲ್ಕು ಜನ ಜೊತೆಗಿರಲಿ. ಅಂದಹಾಗೆ, ಪಂದ್ಯ ಗೆದ್ದದ್ದು ಗೊಬ್ಬರದ ವಾರೆನ್ನೇ. ಚಿತ್ರ ಚೆನ್ನಾಗಿರಬೇಕು ಅಂತ ಪಂದ್ಯದಲ್ಲಿ ಇರಲಿಲ್ಲವಲ್ಲ :-)