‘24 ಗಂಟೆಯಲ್ಲಿ ಆಫೀಸ್ ಇಮೇಲ್ ಬಂದ್’: ಮೇಲ್‌ಬಾಕ್ಸ್ ತೆರೆಯುವುದು, ಮುಚ್ಚುವುದು ಯಾರ ಕೈಯಲ್ಲಿದೆ?

ಬೈಂದೂರಿನ ಓದುಗರೊಬ್ಬರು ನಮಗೆ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದರು. ಅವರ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಹದಿನೈದು ದಿನವೂ ಆಗಿರಲಿಲ್ಲ. ಆಫೀಸಿನ ಇಮೇಲ್‌ಗೆ ಒಂದು ಸಂದೇಶ ಬಂತು: ‘ನಿಮ್ಮ ಮೇಲ್‌ಬಾಕ್ಸ್‌ನ ಆಡಳಿತ ನೀತಿ ಬದಲಾಗಿದೆ. 24 ಗಂಟೆಯೊಳಗೆ ಕೆಳಗಿನ ಲಿಂಕ್ ಒತ್ತಿ ಖಾತೆ ಖಚಿತಪಡಿಸಿ. ಇಲ್ಲದಿದ್ದರೆ ಇಮೇಲ್ ಬಂದ್ ಆಗುತ್ತದೆ.’ ಮಗಳು ಗಾಬರಿಯಾಗಿ ಅದನ್ನು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದಳು. ‘ಕೂಡಲೇ ಒತ್ತು, ತಡ ಮಾಡಬೇಡ’ ಎಂದರು ಒಬ್ಬರು. ‘ಆಫೀಸಿಗೆ ಹೋಗುವವರಿಗೆಲ್ಲ ಕಳಿಸಿ’ ಎಂದು ಇನ್ನೊಬ್ಬರು ಫಾರ್ವರ್ಡ್ ಮಾಡಿದರು. ಓದುಗರು ನಮ್ಮನ್ನು ಕೇಳಿದ್ದು ಇಷ್ಟೇ: ‘ಇದು ನಿಜವಾ?’

ನಿಜವಲ್ಲ. ಆಫೀಸಿನ ಮೇಲ್‌ಬಾಕ್ಸ್ ಲಿಂಕ್ ಒತ್ತಿದ್ದರಿಂದ ಹುಟ್ಟುವುದಿಲ್ಲ, ಒತ್ತದೇ ಇದ್ದುದರಿಂದ ಸಾಯುವುದೂ ಇಲ್ಲ. ಅದನ್ನು ತೆರೆಯುವುದೂ ಮುಚ್ಚುವುದೂ ಸಂಸ್ಥೆಯ ಅಡ್ಮಿನ್ ಬರೆದಿಟ್ಟ ನಿಯಮಗಳು. ಆ ನಿಯಮಗಳು ಹೇಗೆ ಕೆಲಸ ಮಾಡುತ್ತವೆ ಎಂದು ಒಮ್ಮೆ ಗೊತ್ತಾದರೆ ಇಂಥ ಸಂದೇಶದ ಸುಳ್ಳು ತಾನಾಗಿಯೇ ಕಾಣಿಸುತ್ತದೆ.

ಮೇಲ್‌ಬಾಕ್ಸ್ ಎಂದರೆ ಮೂರು ಬೇರೆ ಬೇರೆ ಸಂಗತಿಗಳು

ನಾವು ‘ಇಮೇಲ್ ಐಡಿ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಅದರೊಳಗೆ ಮೂರು ಭಾಗಗಳಿವೆ. ಮೊದಲನೆಯದು ಖಾತೆ, ಅಂದರೆ ನೀವು ಯಾರು ಎಂಬ ದಾಖಲೆ ಮತ್ತು ಪಾಸ್‌ವರ್ಡ್. ಎರಡನೆಯದು ವಿಳಾಸ, ಅಂದರೆ ‘ಅಟ್’ ಚಿಹ್ನೆಯ ಹಿಂದೆ ಮುಂದೆ ಇರುವ ಅಕ್ಷರಗಳು. ಮೂರನೆಯದು ಪೆಟ್ಟಿಗೆ, ಅಂದರೆ ಬಂದ ಪತ್ರಗಳನ್ನು ಇಡಲು ಸರ್ವರ್‌ನಲ್ಲಿರುವ ಜಾಗ.

ಜಿಮೇಲ್‌ನಲ್ಲಿ ಸ್ವಂತ ಖಾತೆ ತೆರೆಯುವಾಗ ಈ ಮೂರನ್ನೂ ನೀವೇ ಒಂದೇ ಬಾರಿಗೆ ಮಾಡಿಕೊಳ್ಳುತ್ತೀರಿ. ಆಫೀಸು, ಕಾಲೇಜು, ಸರ್ಕಾರಿ ಇಲಾಖೆಗಳಲ್ಲಿ ಇವು ಮೂರೂ ಸಂಸ್ಥೆಯ ಸ್ವತ್ತು. ನಿಮಗೆ ಸಿಗುವುದು ಬಳಸುವ ಅನುಮತಿ ಮಾತ್ರ.

ಹೊಸ ಮೇಲ್‌ಬಾಕ್ಸ್ ತಾನಾಗಿ ಹುಟ್ಟುವುದು ಹೇಗೆ?

ಹತ್ತು ಜನರ ಆಫೀಸಿನಲ್ಲಿ ಅಡ್ಮಿನ್ ಒಬ್ಬರೇ ಕುಳಿತು ಒಂದೊಂದಾಗಿ ಮೇಲ್‌ಬಾಕ್ಸ್ ಮಾಡಬಹುದು. ಸಾವಿರಾರು ಜನ ಸೇರಿ ಬಿಡುವ ಕಡೆ ಅದು ಸಾಧ್ಯವಿಲ್ಲ. ಕೈಯಲ್ಲಿ ಮಾಡಿದರೆ ಹೆಸರಿನ ಸ್ಪೆಲಿಂಗ್ ತಪ್ಪುತ್ತದೆ. ಕೆಲಸ ಬಿಟ್ಟವರ ಖಾತೆ ಮುಚ್ಚದೆ ಉಳಿದರೆ ಅದು ಕಳ್ಳರಿಗೆ ಹಿಂಬಾಗಿಲು. ಹಾಗಾಗಿ ಕೆಲಸವನ್ನು ಕಂಪ್ಯೂಟರಿಗೆ ಬಿಟ್ಟು, ಏನು ಮಾಡಬೇಕೆಂಬ ನಿಯಮವನ್ನು ಮಾತ್ರ ಮನುಷ್ಯರು ಬರೆಯುತ್ತಾರೆ. ಇದಕ್ಕೆ ಆಡಳಿತ ಪಾಲಿಸಿ ಎನ್ನುತ್ತಾರೆ. ದೊಡ್ಡ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ:

1. ಎಚ್‌ಆರ್ ವಿಭಾಗ ಹೊಸಬರ ಹೆಸರು, ವಿಭಾಗ, ಊರು, ಸೇರುವ ದಿನಾಂಕವನ್ನು ತನ್ನ ಸಾಫ್ಟ್‌ವೇರ್‌ಗೆ ಸೇರಿಸುತ್ತದೆ.

2. ಆ ವಿವರ ಸಂಸ್ಥೆಯ ಡೈರೆಕ್ಟರಿಗೆ ಹೋಗುತ್ತದೆ. ಸಿಬ್ಬಂದಿಯೆಲ್ಲರ ಖಾತೆಗಳಿರುವ ಹಾಜರಿ ಪುಸ್ತಕ ಇದು ಎಂದುಕೊಳ್ಳಿ.

3. ಡೈರೆಕ್ಟರಿಯಲ್ಲಿ ಗುಂಪಿನ ನಿಯಮ ಇರುತ್ತದೆ. ‘ವಿಭಾಗ: ಲೆಕ್ಕಪತ್ರ’ ಎಂದಿದ್ದರೆ ವ್ಯಕ್ತಿ ತಾನಾಗಿಯೇ ಲೆಕ್ಕಪತ್ರದ ಗುಂಪಿಗೆ ಸೇರುತ್ತಾರೆ.

4. ಆ ಗುಂಪಿಗೆ ಇಮೇಲ್ ಲೈಸೆನ್ಸ್ ಕೊಟ್ಟಿದ್ದರೆ ಮೇಲ್‌ಬಾಕ್ಸ್ ಹುಟ್ಟುತ್ತದೆ. ಮೈಕ್ರೋಸಾಫ್ಟ್ 365ರಲ್ಲಿ ನಡೆಯುವುದು ಇದೇ: ಲೈಸೆನ್ಸ್ ಬಂದರೆ ಪೆಟ್ಟಿಗೆ ಬರುತ್ತದೆ.

5. ಕೊನೆಗೆ ವಿಳಾಸದ ನಿಯಮ. ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್‌ನಲ್ಲಿ ಇದಕ್ಕೆ ‘ಇಮೇಲ್ ಅಡ್ರೆಸ್ ಪಾಲಿಸಿ’ ಎಂದೇ ಹೆಸರು. ‘ಹೆಸರಿನ ಮೊದಲ ಅಕ್ಷರ, ಆಮೇಲೆ ಸರ್‌ನೇಮ್’ ಎಂದು ಒಮ್ಮೆ ಅಚ್ಚು ಬರೆದಿಟ್ಟರೆ, ಬರುವವರಿಗೆಲ್ಲ ಅದೇ ಅಚ್ಚಿನಲ್ಲಿ ವಿಳಾಸ ತಯಾರಾಗುತ್ತದೆ.

ಈ ಐದೂ ಹಂತಗಳಲ್ಲಿ ಎಲ್ಲಿಯೂ ಹೊಸಬರು ಲಿಂಕ್ ಒತ್ತಿ ಮೇಲ್‌ಬಾಕ್ಸನ್ನು ‘ಖಚಿತಪಡಿಸುವ’ ಕೆಲಸವಿಲ್ಲ. ಮೊದಲ ದಿನ ತಾತ್ಕಾಲಿಕ ಪಾಸ್‌ವರ್ಡ್ ಬದಲಾಯಿಸುವುದು, ಫೋನ್‌ನಲ್ಲಿ ಎರಡನೇ ಹಂತದ ಭದ್ರತೆ ಹಾಕಿಕೊಳ್ಳುವುದು ಇರುತ್ತದೆ. ಅದನ್ನು ನೀವು ಸೇರಿದ ದಿನವೇ ಎಚ್‌ಆರ್ ಅಥವಾ ಐಟಿ ವಿಭಾಗದವರು ಹೇಳಿ ಮಾಡಿಸುತ್ತಾರೆ.

ನಮ್ಮ ಊರಿನ ಹೆಸರುಗಳು ಮತ್ತು ಯಂತ್ರದ ಅಚ್ಚು

ಅಚ್ಚು ಬರೆದವರು ಬೈಂದೂರು, ಕುಂದಾಪುರ ಕಡೆಯ ಹೆಸರುಗಳನ್ನು ನೋಡಿರುವುದಿಲ್ಲ. ಈ ಕಡೆ ಒಂದೇ ಆಫೀಸಿನಲ್ಲಿ ರಮೇಶ್ ಶೆಟ್ಟಿ, ರಾಜೇಶ್ ಶೆಟ್ಟಿ, ರಾಘವೇಂದ್ರ ಶೆಟ್ಟಿ ಮೂವರೂ ಇದ್ದರೆ ಆಶ್ಚರ್ಯವಿಲ್ಲ. ‘ಮೊದಲ ಅಕ್ಷರ ಮತ್ತು ಸರ್‌ನೇಮ್’ ಎಂಬ ಅಚ್ಚಿಗೆ ಮೂವರೂ ‘ಆರ್‌ಶೆಟ್ಟಿ’. ಒಂದೇ ವಿಳಾಸವನ್ನು ಇಬ್ಬರಿಗೆ ಕೊಡಲಾಗದು. ಆಗ ಯಂತ್ರ ಹೆಸರಿನ ಮುಂದೆ ಒಂದು ಅಂಕಿ ಸೇರಿಸಿ ಮುಂದಿನವರಿಗೆ ಬೇರೆ ವಿಳಾಸ ಕೊಡುತ್ತದೆ. ಪೂಜಾರಿ, ದೇವಾಡಿಗ, ಖಾರ್ವಿ ಎಂಬ ಹೆಸರುಗಳಿಗೂ ಇದೇ ಕಥೆ. ಸರ್‌ನೇಮ್ ಇಲ್ಲದೆ ಬರೀ ಇನಿಷಿಯಲ್ ಇರುವವರ ವಿಳಾಸವಂತೂ ಎರಡೇ ಅಕ್ಷರಕ್ಕೆ ಬಂದು ನಿಲ್ಲಬಹುದು.

ಇದು ನಗುವ ವಿಷಯ ಮಾತ್ರವಲ್ಲ. ಒಬ್ಬರ ಸಂಬಳದ ಚೀಟಿ ಅದೇ ಹೆಸರಿನ ಇನ್ನೊಬ್ಬರಿಗೆ ಹೋಗುವುದು ಇಲ್ಲಿಂದಲೇ. ಮೋಸಗಾರರಿಗೂ ಇದು ಅನುಕೂಲ. ಅಚ್ಚು ಗೊತ್ತಾದರೆ ಸಿಬ್ಬಂದಿಯ ಹೆಸರು ನೋಡಿಯೇ ವಿಳಾಸ ಊಹಿಸಬಹುದು. ಹೊಸದಾಗಿ ಕೆಲಸಕ್ಕೆ ಸೇರಿದ್ದನ್ನು ಸೋಷಿಯಲ್ ಮೀಡಿಯಾದಲ್ಲಿ ಹಾಕಿಕೊಂಡವರ ಹೆಸರು, ಕಂಪನಿ ಎರಡೂ ಅಲ್ಲೇ ಸಿಗುತ್ತವೆ. ಆದ್ದರಿಂದ ‘ನನ್ನ ಹೊಸ ಇಮೇಲ್ ಐಡಿ ಅವರಿಗೆ ಗೊತ್ತಿದೆ ಎಂದರೆ ಆಫೀಸಿನವರೇ ಇರಬೇಕು’ ಎಂದು ನಂಬುವ ಹಾಗಿಲ್ಲ.

ಸರ್ಕಾರಿ ಇಮೇಲ್: ಕುರ್ಚಿಗೊಂದು, ಹೆಸರಿಗೊಂದು

ಭಾರತ ಸರ್ಕಾರದ ಇಮೇಲ್ ನೀತಿ 2015ರ ಫೆಬ್ರುವರಿಯಲ್ಲಿ ರಾಜ್ಯಪತ್ರದಲ್ಲಿ ಪ್ರಕಟವಾಯಿತು. ಅದನ್ನು ಜಾರಿಗೊಳಿಸುವ ಹೊಣೆ ರಾಷ್ಟ್ರೀಯ ಮಾಹಿತಿ ಕೇಂದ್ರದ್ದು, ಅಂದರೆ ಎನ್‌ಐಸಿಯದು. ಕೇಂದ್ರದ ಇಮೇಲ್ ಸೇವೆ ಬಳಸುವ ರಾಜ್ಯ ಸರ್ಕಾರಿ ನೌಕರರಿಗೂ ಆ ನೀತಿ ಅನ್ವಯಿಸುತ್ತದೆ ಎಂದು ಅದರಲ್ಲಿತ್ತು. ಅಧಿಕಾರಿಗೆ ಎರಡು ವಿಳಾಸ ಇರಬಹುದು ಎನ್ನುತ್ತಿತ್ತು ಈ ನೀತಿ: ಒಂದು ಹುದ್ದೆಯ ಹೆಸರಿನಲ್ಲಿ, ಇನ್ನೊಂದು ಸ್ವಂತ ಹೆಸರಿನಲ್ಲಿ.

ಯಾಕೆ ಎರಡು? ತಹಶೀಲ್ದಾರರ ಹುದ್ದೆಯನ್ನೇ ತೆಗೆದುಕೊಳ್ಳಿ. ಬೈಂದೂರು 2018ರಲ್ಲಿ ಕುಂದಾಪುರದಿಂದ ಬೇರೆಯಾಗಿ ತಾಲ್ಲೂಕಾಯಿತು. ಹೊಸ ತಾಲ್ಲೂಕು ಎಂದರೆ ಹೊಸ ಹುದ್ದೆಗಳು. ಅಲ್ಲಿಗೆ ಬರುವ ಅಧಿಕಾರಿಗಳು ವರ್ಗವಾಗಿ ಹೋಗುತ್ತಾರೆ, ಜನರ ಅರ್ಜಿಗಳು ಮಾತ್ರ ಬರುತ್ತಲೇ ಇರುತ್ತವೆ. ಪತ್ರವ್ಯವಹಾರವೆಲ್ಲ ಅಧಿಕಾರಿಯ ಸ್ವಂತ ಹೆಸರಿನ ಪೆಟ್ಟಿಗೆಯಲ್ಲಿದ್ದರೆ ವರ್ಗವಾದ ದಿನ ಅದೂ ಅವರ ಜೊತೆ ಹೊರಟುಹೋಗುತ್ತದೆ. ಹುದ್ದೆಯ ಹೆಸರಿನಲ್ಲಿದ್ದರೆ ಕುರ್ಚಿಗೆ ಬಂದವರಿಗೆ ಹಳೆಯ ಪತ್ರಗಳೂ ಸಿಗುತ್ತವೆ. ಅದಕ್ಕೇ ವರ್ಗಾವಣೆಯಾದಾಗ ಹುದ್ದೆಯ ವಿಳಾಸವನ್ನು ಒಪ್ಪಿಸಿ ಹೋಗಬೇಕು ಎಂಬ ನಿಯಮ. ನೀವು ಕಚೇರಿಗೆ ಅರ್ಜಿ ಕಳಿಸುವಾಗಲೂ ಅಧಿಕಾರಿಯ ಹೆಸರಿನ ವಿಳಾಸಕ್ಕಿಂತ ಹುದ್ದೆಯ ವಿಳಾಸಕ್ಕೆ ಕಳಿಸುವುದು ಒಳ್ಳೆಯದು.

ಹಾಗಾದರೆ ಮೇಲ್‌ಬಾಕ್ಸ್ ಮುಚ್ಚುವುದು ಯಾವಾಗ?

ಮುಚ್ಚುವುದಕ್ಕೂ ನಿಯಮ ಇದೆ, ಗಡುವೂ ಇದೆ. ಆದರೆ ಗಡುವು ಫಾರ್ವರ್ಡ್ ಸಂದೇಶದ ಹಾಗೆ ‘24 ಗಂಟೆ’ ಅಲ್ಲ.

- ಸರ್ಕಾರಿ ಇಮೇಲ್: 2015ರ ನೀತಿಯ ಪ್ರಕಾರ, ವಿನಾಯಿತಿ ಇರುವವರನ್ನು ಬಿಟ್ಟು, 90 ದಿನ ಬಳಸದ ಖಾತೆ ನಿಷ್ಕ್ರಿಯವಾಗುತ್ತಿತ್ತು. ಮತ್ತೆ ತೆರೆಯಲು ಕೋರಿಕೆ ಬರದಿದ್ದರೆ 180 ದಿನಗಳ ನಂತರ ಅಳಿಸಲಾಗುತ್ತಿತ್ತು.
- ಮೈಕ್ರೋಸಾಫ್ಟ್ 365: ಅಡ್ಮಿನ್ ಲೈಸೆನ್ಸ್ ತೆಗೆದರೆ ಅಥವಾ ಖಾತೆ ಅಳಿಸಿದರೆ ಮೇಲ್‌ಬಾಕ್ಸ್ ಸಾಮಾನ್ಯವಾಗಿ 30 ದಿನ ಉಳಿದಿರುತ್ತದೆ. ಅಷ್ಟರೊಳಗೆ ಅಡ್ಮಿನ್ ಅದನ್ನು ವಾಪಸ್ ತರಬಹುದು.
- ಗೂಗಲ್ ವರ್ಕ್‌ಸ್ಪೇಸ್: ಅಳಿಸಿದ ಬಳಕೆದಾರರ ಖಾತೆಯನ್ನು ಅಡ್ಮಿನ್ 20 ದಿನದೊಳಗೆ ಮರಳಿ ತರಬಹುದು.
- ನಿಮ್ಮ ಸ್ವಂತ ಗೂಗಲ್ ಖಾತೆ: ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಗಳನ್ನು ಅಳಿಸುವ ಕ್ರಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಶುರುಮಾಡಿದೆ.

ಮೊದಲ ಮೂರರಲ್ಲೂ ಬೀಗದ ಕೈ ಇರುವುದು ಅಡ್ಮಿನ್ ಬಳಿ. ಅಪರಿಚಿತ ಲಿಂಕಿನ ಬಳಿ ಅಲ್ಲ.

ಹಾಗಾದರೆ ಎಲ್ಲ ಎಚ್ಚರಿಕೆ ಸಂದೇಶವೂ ಸುಳ್ಳಾ?

ಅಲ್ಲ. ‘ಪಾಸ್‌ವರ್ಡ್ ಅವಧಿ ಮುಗಿಯುತ್ತಿದೆ’, ‘ಜಾಗ ತುಂಬುತ್ತಿದೆ’ ಎಂಬ ನಿಜವಾದ ಸಂದೇಶಗಳೂ ಬರುತ್ತವೆ. ಪೆಟ್ಟಿಗೆ ತುಂಬಿದರೆ ಹೊಸ ಪತ್ರಗಳು ಕಳಿಸಿದವರಿಗೇ ವಾಪಸ್ ಹೋಗಬಹುದು. ಅದಕ್ಕೇ ಮೋಸಗಾರರು ಇದೇ ಮಾತುಗಳನ್ನು ಬಳಸಿಕೊಳ್ಳುತ್ತಾರೆ. ಸಂದೇಶದ ಲೋಗೊ, ಭಾಷೆ ನೋಡಿ ನಿಜ ಸುಳ್ಳು ಹೇಳುವುದು ಈಗ ಕಷ್ಟ. ನಾವು ಸೂಚಿಸುವ ದಾರಿ ಸುಲಭ: ಸಂದೇಶ ನಿಜವೋ ಸುಳ್ಳೋ ಎಂದು ತಲೆಕೆಡಿಸಿಕೊಳ್ಳಬೇಡಿ, ಅದರಲ್ಲಿರುವ ಲಿಂಕನ್ನು ಮಾತ್ರ ಮುಟ್ಟಬೇಡಿ. ನೀವು ದಿನಾ ಬಳಸುವ ಮೇಲ್ ಆ್ಯಪನ್ನು ನೀವೇ ತೆರೆಯಿರಿ. ಪಾಸ್‌ವರ್ಡ್ ಅವಧಿ ನಿಜಕ್ಕೂ ಮುಗಿದಿದ್ದರೆ ಲಾಗಿನ್ ಆಗುವಾಗ ಅದೇ ಕೇಳುತ್ತದೆ. ಜಾಗ ತುಂಬಿದ್ದರೆ ಸೆಟ್ಟಿಂಗ್ಸ್‌ನಲ್ಲೇ ಕಾಣುತ್ತದೆ. ಆಮೇಲೂ ಅನುಮಾನ ಇದ್ದರೆ ಅಡ್ಮಿನ್‌ಗೆ ಫೋನ್ ಮಾಡಿ. ಫೋನ್ ನಂಬರನ್ನು ಆ ಸಂದೇಶದಿಂದ ತೆಗೆದುಕೊಳ್ಳಬೇಡಿ.

ಸರ್ಕಾರದ ಹೆಸರು ಹೇಳಿಕೊಂಡು ಬಂದ ಸಂದೇಶವಾದರೆ ವಿಳಾಸದ ಕೊನೆಯನ್ನು ನೋಡಿ. ‘ಜಿಒವಿ ಡಾಟ್ ಇನ್’ ಎಂಬುದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುವ ಡೊಮೇನ್. ಅದು ವಿಳಾಸದ ಮಧ್ಯದಲ್ಲಿದ್ದು ಕೊನೆಯಲ್ಲಿ ಬೇರೇನೋ ಇದ್ದರೆ ಅದು ಸರ್ಕಾರದ್ದಲ್ಲ. ಕೊನೆ ಸರಿಯಾಗಿ ಕಂಡರೂ ಪಾಸ್‌ವರ್ಡ್ ಕೊಡಬೇಡಿ, ಏಕೆಂದರೆ ಕಳಿಸಿದವರ ವಿಳಾಸವನ್ನು ನಕಲಿ ಮಾಡಿ ತೋರಿಸಲು ಸಾಧ್ಯವಿದೆ.

ಆಗಲೇ ಲಿಂಕ್ ಒತ್ತಿ ಪಾಸ್‌ವರ್ಡ್ ಕೊಟ್ಟಿದ್ದರೆ?

ನಾಚಿಕೆಯಿಂದ ಮುಚ್ಚಿಡಬೇಡಿ. ಮೊದಲು ಆಫೀಸಿನ ಅಡ್ಮಿನ್‌ಗೆ ತಿಳಿಸಿ. ಅವರು ಎಲ್ಲ ಫೋನ್, ಕಂಪ್ಯೂಟರ್‌ಗಳಿಂದ ನಿಮ್ಮ ಖಾತೆಯನ್ನು ಲಾಗೌಟ್ ಮಾಡಿಸಬಲ್ಲರು. ಪಾಸ್‌ವರ್ಡ್ ಬದಲಾಯಿಸಿ. ಅದೇ ಪಾಸ್‌ವರ್ಡ್ ಬೇರೆ ಕಡೆ ಬಳಸಿದ್ದರೆ ಅಲ್ಲಿಯೂ ಬದಲಾಯಿಸಿ. ಮೇಲ್ ಸೆಟ್ಟಿಂಗ್ಸ್‌ನಲ್ಲಿ ನಿಮಗೆ ಗೊತ್ತಿಲ್ಲದ ‘ಫಾರ್ವರ್ಡಿಂಗ್’ ವಿಳಾಸ ಸೇರಿದೆಯೇ ನೋಡಿ. ಕಳ್ಳರು ಪಾಸ್‌ವರ್ಡ್ ಬದಲಾದ ಮೇಲೂ ನಿಮ್ಮ ಪತ್ರ ಓದಲು ಬಳಸುವ ಉಪಾಯ ಅದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಉಡುಪಿ ಜಿಲ್ಲೆಯವರು ಉಡುಪಿಯ ಸೆನ್ ಪೊಲೀಸ್ ಠಾಣೆಗೂ ದೂರು ಕೊಡಬಹುದು.

ಆಫೀಸಿನ ಪೆಟ್ಟಿಗೆಯಲ್ಲಿ ಸ್ವಂತದ್ದನ್ನು ಇಡಬೇಡಿ

ಇದನ್ನು ನಾವು ಪಾಠವಾಗಿ ಕಲಿತದ್ದು. ನಮ್ಮ ತಂಡದ ಒಬ್ಬರು ಸ್ನಾತಕೋತ್ತರ ಪದವಿ ಓದುವಾಗ ಕಾಲೇಜು ಕೊಟ್ಟ ಇಮೇಲ್‌ನಲ್ಲೇ ಪ್ರಬಂಧದ ಕರಡು, ಸಂದರ್ಶನಗಳ ಆಡಿಯೊ ಎಲ್ಲವನ್ನೂ ಇಟ್ಟಿದ್ದರು. ಓದು ಮುಗಿದ ಮೇಲೆ ಒಂದು ದಿನ ಲಾಗಿನ್ ಆಗಲಿಲ್ಲ. ಕೇಳಿದಾಗ ‘ಆ ಬ್ಯಾಚಿನ ಖಾತೆಗಳನ್ನು ತೆಗೆದಾಯಿತು’ ಎಂಬ ಉತ್ತರ ಬಂತು. ಮರಳಿ ತರುವ ಗಡುವೂ ದಾಟಿತ್ತು. ಗೂಗಲ್ 2021ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಕೊಡುತ್ತಿದ್ದ ಮಿತಿಯಿಲ್ಲದ ಜಾಗವನ್ನು ನಿಲ್ಲಿಸಿ, ಇಡೀ ಸಂಸ್ಥೆಗೆ ಒಟ್ಟು 100 ಟೆರಾಬೈಟ್ ಎಂಬ ಮೂಲ ಮಿತಿಯನ್ನು ಘೋಷಿಸಿತು. ಜಾಗ ಕಡಿಮೆಯಾದಾಗ ಹಳೆಯ ವಿದ್ಯಾರ್ಥಿಗಳ ಪೆಟ್ಟಿಗೆ ಮೊದಲು ಹೋಗುವುದು ಸಹಜ.

ಹಾಗಾಗಿ ಬ್ಯಾಂಕ್, ಪಿಎಫ್, ಡಿಜಿಲಾಕರ್, ಆದಾಯ ತೆರಿಗೆ, ವಿಮೆ, ಇವುಗಳಿಗೆಲ್ಲ ಸ್ವಂತ ಇಮೇಲ್ ಕೊಡಿ. ಪಿಎಫ್‌ನ ಯುಎಎನ್ ಸಂಖ್ಯೆ ಕೆಲಸ ಬದಲಾಯಿಸಿದರೂ ಅದೇ ಇರುತ್ತದೆ, ಆದರೆ ಆಫೀಸಿನ ಇಮೇಲ್ ಜೊತೆಗೆ ಬರುವುದಿಲ್ಲ. ಕೆಲಸ ಬಿಡುವ ಮುನ್ನ ಸಂಬಳದ ಚೀಟಿ, ಫಾರ್ಮ್ 16, ಅನುಭವ ಪತ್ರಗಳನ್ನು ಸ್ವಂತ ಜಾಗಕ್ಕೆ ಪಡೆದುಕೊಳ್ಳಿ. ಕಂಪನಿಯ ಕಡತಗಳನ್ನು ಮಾತ್ರ ಅನುಮತಿಯಿಲ್ಲದೆ ತೆಗೆದುಕೊಂಡು ಹೋಗಬೇಡಿ.

ಒಟ್ಟಿನಲ್ಲಿ

ಆಫೀಸಿನ ಮೇಲ್‌ಬಾಕ್ಸ್ ಬಾಡಿಗೆ ಮನೆಯ ಹಾಗೆ. ಕೊಡುವವರೂ ಬಿಡಿಸುವವರೂ ಮನೆಯ ಯಜಮಾನರು. ದಾರಿಯಲ್ಲಿ ಹೋಗುವವರು ಬಂದು ‘ಕೀ ಕೊಡಿ, ಇಲ್ಲದಿದ್ದರೆ ನಾಳೆ ಮನೆ ಖಾಲಿ ಮಾಡಿಸುತ್ತೇವೆ’ ಎಂದರೆ ನಾವು ಕೊಡುವುದಿಲ್ಲವಷ್ಟೆ. ನಮಗೆ ಬರೆದ ಓದುಗರ ಮಗಳು ಲಿಂಕ್ ಒತ್ತಿರಲಿಲ್ಲ. ಮರುದಿನ ಆಫೀಸಿನಲ್ಲಿ ಕೇಳಿದಾಗ ಅಂಥ ಸಂದೇಶವನ್ನು ತಾವು ಕಳಿಸಿಯೇ ಇಲ್ಲ ಎಂದರಂತೆ. 24 ಗಂಟೆ ಎಂದೋ ಕಳೆದಿದೆ, ಅವಳ ಇಮೇಲ್ ಈಗಲೂ ನಡೆಯುತ್ತಿದೆ. ನಿಮ್ಮ ಗ್ರೂಪಿಗೂ ‘ಕೂಡಲೇ ಒತ್ತಿ’ ಎಂಬ ಸಂದೇಶ ಬಂದರೆ, ಅದನ್ನು ಮುಂದೆ ಕಳಿಸುವ ಬದಲು ಒಂದೇ ಪ್ರಶ್ನೆ ಹಾಕಿ: ‘ನಿಮ್ಮ ಅಡ್ಮಿನ್‌ಗೆ ಫೋನ್ ಮಾಡಿ ಕೇಳಿದಿರಾ?’