ಹಾಯಿಯ ಭಾರ

ಮುಂಡಗೋಡಿನ ಟಿಬೆಟನ್ ಕಾಲೊನಿಗೂ ಕಡಲಿಗೂ ನಡುವೆ ಇಡೀ ಘಟ್ಟವೇ ಇದೆ. ಇಲ್ಲಿ ಬಾಡಿಗೆ ಕೋಣೆಯಲ್ಲಿ ಕೂತು ಹಾಯಿಹಡಗಿನ ಚರಿತ್ರೆ ಓದುತ್ತಿದ್ದೇನೆ ಎಂದರೆ ಕೇಳಿದವರು ಒಮ್ಮೆ ನನ್ನ ಮುಖ ನೋಡುತ್ತಾರೆ. ಪಿಎಚ್.ಡಿ. ವಿಷಯಕ್ಕೆ ಹೊರತಾದ ಒಂದು ಪ್ರಶ್ನೆ ಕೆಲವು ತಿಂಗಳಿಂದ ನನ್ನ ಬೆನ್ನು ಹತ್ತಿದೆ. ನಮ್ಮ ಕರಾವಳಿಯ ಹಡಗುಗಳ ದೊಡ್ಡ ಹಾಯಿಯನ್ನು ಮೇಲೇರಿಸುತ್ತಿದ್ದುದು ಹೇಗೆ? ಆ ಕೆಲಸವನ್ನು ಹಗುರ ಮಾಡಿಕೊಳ್ಳಲು ಏನೇನು ಉಪಾಯ ಹೂಡಿದ್ದರು?

ಪುಸ್ತಕಗಳಲ್ಲಿ ಹಡಗುಗಳೇನೋ ಬೇಕಾದಷ್ಟಿವೆ. 634ರ ಐಹೊಳೆ ಶಾಸನದಲ್ಲಿ ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಂದಿಗೆ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತುತ್ತಾನೆ. 14ನೇ ಶತಮಾನದಲ್ಲಿ ಇಬ್ನ್ ಬತೂತ ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಜೊತೆ ಗೋವೆಯ ಮೇಲೆ ದಾಳಿಗೆ ಹೋಗುತ್ತಾನೆ, ಹಡಗುಗಳ ಲೆಕ್ಕ 52 ಎಂದು ಬರೆದಿಡುತ್ತಾನೆ. 1665ರಲ್ಲಿ ಶಿವಾಜಿ ಸಮುದ್ರಮಾರ್ಗವಾಗಿ ಬಂದು ಬಸರೂರನ್ನು ಲೂಟಿ ಮಾಡುತ್ತಾನೆ. ಹಡಗು ಎಷ್ಟು, ಯಾರದ್ದು, ಒಳಗೆ ಏನಿತ್ತು ಎಂಬುದೆಲ್ಲ ಸಿಗುತ್ತದೆ. ಹೊರಡುವ ಮುನ್ನ ಹಗ್ಗ ಹಿಡಿದು ನಿಂತವರ ಸುದ್ದಿ ಮಾತ್ರ ನಾನು ಓದಿದ ಮಟ್ಟಿಗೆ ಎಲ್ಲೂ ಬರುವುದಿಲ್ಲ.

ಭಾರ ಎಷ್ಟೆಂದು ಮೊದಲು ತಿಳಿಯಬೇಕು. ನಮ್ಮ ಕಡೆಯ ಪತ್ತೇಮಾರಿ, ಮಚ್ವೆಗಳಲ್ಲಿ ಬಟ್ಟೆಯನ್ನು ನೇರವಾಗಿ ಕೂವೆಗೆ, ಅಂದರೆ ನಿಂತ ಕಂಬಕ್ಕೆ, ಕಟ್ಟುವುದಿಲ್ಲ. ಒಂದು ಉದ್ದನೆಯ ಓರೆಮರಕ್ಕೆ ಹಾಯಿಯ ಮೇಲಂಚನ್ನು ಕಟ್ಟಿ, ಆ ಮರವನ್ನೇ ಮೇಲಕ್ಕೆಳೆಯಬೇಕು. ದೊಡ್ಡ ಹಡಗಿನಲ್ಲಿ ಓರೆಮರದ ಉದ್ದ ಹೆಚ್ಚುಕಡಿಮೆ ಹಡಗಿನ ಉದ್ದಕ್ಕೇ ಸಮ. ಅಷ್ಟುದ್ದದ ಒಂದೇ ಮರ ಸಿಗುವುದು ಕಷ್ಟವೆಂದು ಎರಡು ಮರಗಳ ತುದಿಗಳನ್ನು ಒಂದರ ಮೇಲೊಂದು ಕೂರಿಸಿ ಹಗ್ಗದಿಂದ ಬಿಗಿಯುತ್ತಿದ್ದರು. ಹಾಗಾಗಿ ಹಾಯಿ ಏರಿಸುವುದೆಂದರೆ ಮರ ಎತ್ತುವುದೇ. ಬಟ್ಟೆ ಅದರ ಜೊತೆಗೆ ಹೋಗುತ್ತದೆ, ಅಷ್ಟೆ.

ಮೊದಲ ಉಪಾಯ ಕಪ್ಪಿ. ಬಾವಿಗೆ ಹಾಕುವ ರಾಟೆಯಂಥ ಒಂಟಿ ಗಾಲಿ ಎಳೆಯುವ ದಿಕ್ಕನ್ನು ಬದಲಿಸುತ್ತದೆ, ಭಾರ ಇಳಿಸುವುದಿಲ್ಲ. ಎರಡು ಮೂರು ಗಾಲಿಗಳ ಜೋಡಿ ಕಪ್ಪಿಯಲ್ಲಿ ಹಗ್ಗವನ್ನು ಹಿಂದೆ ಮುಂದೆ ಹಾಯಿಸಿದರೆ ಭಾರ ಹಂಚಿಹೋಗುತ್ತದೆ. ಲೆಕ್ಕಕ್ಕೆಂದು ಮರ, ಬಟ್ಟೆ ಎಲ್ಲ ಸೇರಿ 600 ಕಿಲೋ ಎಂದಿಟ್ಟುಕೊಳ್ಳಿ. ನಾಲ್ಕು ಎಳೆಯ ಕಪ್ಪಿಯಾದರೆ ಕೈಗೆ ಬರುವುದು 150 ಕಿಲೋ. ಆರು ಜನ ಹಿಡಿದರೆ ತಲೆಗೆ 25. ಆದರೆ ಮರ 12 ಮೀಟರ್ ಏರಬೇಕಾದರೆ 48 ಮೀಟರ್ ಹಗ್ಗ ಎಳೆಯಬೇಕು. ಗಾಲಿಯ ತಿಕ್ಕಾಟ ಬೇರೆ, ಅದು ಈ ಲೆಕ್ಕದಲ್ಲಿಲ್ಲ. ಭಾರ ಕಡಿಮೆಯಾದಷ್ಟೂ ಹೊತ್ತು ಹಿಡಿಯುತ್ತದೆ. ಗಾಳಿ ತಿರುಗುವಾಗ, ಬಂಡೆ ಹತ್ತಿರವಿರುವಾಗ ಆ ಹೊತ್ತೇ ಅಪಾಯ. ಎಷ್ಟು ಎಳೆ ಸಾಕು ಎಂಬುದನ್ನು ತಂಡೇಲನೊಬ್ಬ ತನ್ನ ಆಳುಗಳನ್ನು ನೋಡಿಯೇ ತೀರ್ಮಾನಿಸಬೇಕಿತ್ತು.

ನನಗೆ ತುಂಬ ಹಿಡಿಸಿದ್ದು ಎರಡನೆಯದು. ಹಳೆಯ ಫೋಟೊಗಳಲ್ಲಿ ಪತ್ತೇಮಾರಿಯ ಕೂವೆ ಮುಂದಕ್ಕೆ ಬಾಗಿರುತ್ತದೆ. ಅಂದಕ್ಕೆ ಹಾಗೆ ಮಾಡಿದ್ದಾರೆಂದು ಮೊದಲ ನೋಟಕ್ಕೆ ಅನ್ನಿಸೀತು. ಕಂಬ ನೆಟ್ಟಗಿದ್ದರೆ ಏರುವ ಓರೆಮರ ಅದಕ್ಕೆ ಉಜ್ಜುತ್ತ, ಸಿಕ್ಕಿಕೊಳ್ಳುತ್ತ ಹೋಗುತ್ತದೆ. ಮುಂದಕ್ಕೆ ಬಾಗಿದ್ದರೆ ಅದು ತನ್ನ ಭಾರಕ್ಕೆ ತಾನೇ ಕಂಬದಿಂದ ದೂರ ತೂಗುತ್ತದೆ. ಎತ್ತುವ ಹಗ್ಗ ಕೂವೆಯ ತುದಿಯಿಂದ ಹಿಂಭಾಗಕ್ಕೆ ಇಳಿದು ಬಿಗಿಯಾದ ಮೇಲೆ ಆ ಬಾಗಿದ ಕಂಬವನ್ನು ಹಿಂದಿನಿಂದ ಹಿಡಿದು ನಿಲ್ಲಿಸುವ ಕೆಲಸವನ್ನೂ ಮಾಡುತ್ತದೆ. ಒಂದೇ ಹಗ್ಗಕ್ಕೆ ಎರಡು ಉದ್ಯೋಗ.

ಗಾಳಿ ತುಂಬಿದ ಹಾಯಿಯನ್ನು ಎತ್ತುವುದು ಯಾರಿಗೂ ಸಾಧ್ಯವಿಲ್ಲ. ಅದಕ್ಕೆ ಬಟ್ಟೆಯನ್ನು ಮಡಿಸಿ, ಓರೆಮರಕ್ಕೆ ಸುಲಭವಾಗಿ ಹರಿಯುವ ತೆಳು ದಾರಗಳಿಂದ ಕಟ್ಟಿ, ಹಾಸಿಗೆ ಸುತ್ತಿದ ಹಾಗೆ ಮೇಲೇರಿಸುವುದು ಅರಬ್ಬಿ ಸಮುದ್ರದ ನಾವಿಕರ ಪದ್ಧತಿ. ಮರ ತುದಿ ಮುಟ್ಟಿದ ಮೇಲೆ ಕೆಳಗಿನ ಹಗ್ಗವನ್ನು ಜಗ್ಗಿದರೆ ದಾರಗಳು ಪಟಪಟನೆ ಹರಿದು ಹಾಯಿ ಬಿಚ್ಚಿಕೊಳ್ಳುತ್ತದೆ. 1938–39ರಲ್ಲಿ ಕುವೈತಿನ ಹಡಗೊಂದರಲ್ಲಿ ಪ್ರಯಾಣ ಮಾಡಿದ ಆಸ್ಟ್ರೇಲಿಯದ ನಾವಿಕ ಅಲನ್ ವಿಲಿಯರ್ಸ್ ಇಂಥ ಕೆಲಸಗಳನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಹಗ್ಗ ಎಳೆಯುವವರು ಹಾಡಿಕೊಂಡೇ ಎಳೆಯುತ್ತಿದ್ದರಂತೆ. ಎಲ್ಲರ ಜಗ್ಗು ಒಂದೇ ಗಳಿಗೆಗೆ ಬೀಳಬೇಕಲ್ಲ. ನಮ್ಮಲ್ಲಿ ತೇರಿನ ಮಿಣಿ ಎಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಲೊನಿಯ ಜನ ಇದೇ ಸಮಸ್ಯೆಯನ್ನು ತಲೆಕೆಳಗಾಗಿ ಬಿಡಿಸಿದ್ದಾರೆ. 1966ರಲ್ಲಿ ನಿರಾಶ್ರಿತರಾಗಿ ಬಂದು ಇಲ್ಲಿ ನೆಲೆಸಿದ ಇವರ ನಾಡಿಗೆ ಸಮುದ್ರವಿಲ್ಲ. ಯಾಕ್ ಚರ್ಮದ ದೋಣಿಗಳುಂಟು, ಹಾಯಿಯಿಲ್ಲ. ಆದರೆ ಗಾಳಿಗೆ ಬಟ್ಟೆ ಒಡ್ಡುವುದರಲ್ಲಿ ಇವರನ್ನು ಮೀರಿಸಿದವರಿಲ್ಲ. ಮಂತ್ರ ಅಚ್ಚೊತ್ತಿದ ಆ ಪತಾಕೆಯ ಹೆಸರೇ ಲುಂಗ್ತಾ, ಅಂದರೆ ಗಾಳಿಕುದುರೆ. ಎತ್ತರದ ಕಂಬಕ್ಕೆ ಉದ್ದಕ್ಕೂ ಬಟ್ಟೆ ಹೊಲಿದು ನಿಲ್ಲಿಸುವಾಗ ಬಟ್ಟೆಯನ್ನು ಮೇಲೇರಿಸುವುದಿಲ್ಲ. ಕಂಬವನ್ನೇ ನೆಲಕ್ಕೆ ಮಲಗಿಸಿ, ಹಳತು ಬಿಚ್ಚಿ ಹೊಸದು ಕಟ್ಟಿ, ನಾಲ್ಕು ಕಡೆ ಹಗ್ಗ ಹಿಡಿದು ಮತ್ತೆ ಎಬ್ಬಿಸುತ್ತಾರೆ. ಕೈಲಾಸದ ಬುಡದ ತಾರ್ಬೋಚೆಯಲ್ಲಿ ಪ್ರತಿ ಸಾಗಾ ದಾವಾ ಹಬ್ಬಕ್ಕೆ ನಡೆಯುವುದೂ ಇದೇ. ವರ್ಷಕ್ಕೊಮ್ಮೆಯ ಕೆಲಸಕ್ಕೆ ಇದು ಸರಿ. ದಿನಕ್ಕೆ ನಾಲ್ಕು ಸಲ ಹಾಯಿ ಇಳಿಸಿ ಏರಿಸುವ ಹಡಗಿಗೆ ಆಗದ ಮಾತು.

ಘಟ್ಟದ ಮೇಲಿನವನಾದ ನನಗೆ ಈ ಕಥೆಯಲ್ಲಿ ಇನ್ನೊಂದು ಎಳೆಯಿದೆ. ಹಡಗಿನ ಹಗ್ಗ ಕರಾವಳಿಯದು: ತೆಂಗಿನ ಕತ್ತದ್ದು, ಉಪ್ಪುನೀರಿಗೆ ಬೇಗ ಕೊಳೆಯದು. ಕಂಬ ಮಾತ್ರ ಕಾಡಿನದು. ಇಂಗ್ಲಿಷರು 'ಪೂನ್' ಎಂದು ಕರೆದು ಹಡಗಿನ ಕಂಬಕ್ಕೆಂದೇ ಹುಡುಕಿ ಕಡಿಸಿದ ಮರ ನಮ್ಮ ಹೊನ್ನೆಯ ಜಾತಿಯದು. ಕೊಂಬೆಯಿಲ್ಲದೆ ನೆಟ್ಟಗೆ ಮೇಲೇಳುವಂಥದ್ದು. ಮುಂಡಗೋಡಿನ ಒಣ ಸಾಗವಾನಿ ಕಾಡಿನಲ್ಲಿ ಅದು ಬೆಳೆಯದು, ಪಡುವಣ ಇಳಿಜಾರಿನ ಮಳೆಕಾಡಿನ ಮರ ಅದು. ಅರಣ್ಯದ ಹಳೆಯ ಪುಸ್ತಕಗಳು ಅದಕ್ಕೆ ಕೊಡುವ ಕನ್ನಡ ಹೆಸರುಗಳಲ್ಲಿ ಒಂದು 'ಕೂವೆ'. ನಿಘಂಟಿನಲ್ಲಿ ಕೂವೆ ಎಂದರೆ ಹಡಗಿನ ಕಂಬ. ಮರದಿಂದ ಕಂಬಕ್ಕೆ ಹೆಸರು ಬಂತೋ, ಕಂಬದಿಂದ ಮರಕ್ಕೋ, ಭಾಷಾಶಾಸ್ತ್ರದ ಗೆಳೆಯರು ಜಗಳವಾಡಲಿ. 1883ರ ಕನರಾ ಗೆಜೆಟಿಯರ್ ಎರಡು ಭಾಗಗಳಲ್ಲಿದೆ. ಕಾಡು ಮೊದಲನೆಯದರಲ್ಲಿ, ವ್ಯಾಪಾರವೂ ಇತಿಹಾಸವೂ ಎರಡನೆಯದರಲ್ಲಿ. ನಾವು ಓದುವುದೂ ಹೆಚ್ಚಾಗಿ ಹಾಗೆಯೇ, ಮರವನ್ನು ಒಂದು ಕಡೆ, ಹಡಗನ್ನು ಇನ್ನೊಂದು ಕಡೆ.

ಈಗ ಎರಡೂ ಬಗೆಯ ಹಾಯಿಗಳು ನಮ್ಮ ಕಣ್ಣೆದುರಿಗಿವೆ. ಗೋವೆಯಲ್ಲಿ ಕಟ್ಟಿದ ನೌಕಾಪಡೆಯ 'ತಾರಿಣಿ' 17 ಮೀಟರಿನ ದೋಣಿ. 2017–18ರಲ್ಲಿ ಆರು ಮಹಿಳಾ ಅಧಿಕಾರಿಗಳು ಅದರಲ್ಲಿ ಲೋಕ ಸುತ್ತಿ ಬಂದರು. ಅಂಥ ದೋಣಿಯಲ್ಲಿ ಓರೆಮರದ ಭಾರವೇ ಇಲ್ಲ. ಬಟ್ಟೆಯ ಅಂಚು ಕಂಬದ ಗಾಡಿಯಲ್ಲೇ ಜಾರಿ ಮೇಲೇರುತ್ತದೆ, ಹಗ್ಗವನ್ನು ಸುತ್ತಲು ಹಿಡಿಕೆ ತಿರುಗಿಸುವ ವಿಂಚ್ ಇದೆ. ಹತ್ತು ಹದಿನೈದು ಜನ ಮಾಡುತ್ತಿದ್ದ ಕೆಲಸ ಒಬ್ಬಿಬ್ಬರದ್ದಾಯಿತು. ಇನ್ನೊಂದು, 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ನೌಕಾಪಡೆ ಸೇರಿದ 'ಕೌಂಡಿನ್ಯ'. ಅಜಂತಾದ 5ನೇ ಶತಮಾನದ ಚಿತ್ರ ನೋಡಿ ಕಟ್ಟಿದ್ದು, ಹಲಗೆಗಳನ್ನು ನಾರಿನ ಹಗ್ಗದಿಂದ ಹೊಲಿದ ಹಡಗು. ಹಾಯಿಗಳು ಚೌಕದವು, ಹಾಯಿಯ ಮೇಲೆ ಗಂಡಭೇರುಂಡ, ಸೂರ್ಯ. ಚಿತ್ರಕಾರ ಹಡಗಿನ ಆಕಾರ ಬಿಟ್ಟುಹೋಗಿದ್ದ, ಹಗ್ಗ ಎಳೆಯುವ ರೀತಿ ಬಿಟ್ಟುಹೋಗಿರಲಿಲ್ಲ. ಇಂಥ ಹಡಗನ್ನು ಚೌಕ ಹಾಯಿಯಲ್ಲಿ ನಡೆಸುವುದನ್ನು ನಾವಿಕರು ಹೊಸದಾಗಿಯೇ ಕಲಿಯಬೇಕಾಯಿತು. ಅದೇ ವರ್ಷ ಡಿಸೆಂಬರ್ 29ರಂದು ಹಡಗು ಪೋರಬಂದರಿನಿಂದ ಮಸ್ಕತ್ತಿನ ಕಡೆ ಹೊರಟಿತು.

ಪತ್ತೇಮಾರಿಯ ವಿಷಯದಲ್ಲಿ ನಮಗೆ ಇನ್ನೂ ಸ್ವಲ್ಪ ಅವಕಾಶವಿದೆ. ಮಂಗಳೂರು ಹೆಂಚು ಹೇರಿಕೊಂಡು ಮುಂಬಯಿಗೆ ಹೋಗುತ್ತಿದ್ದ ಹಾಯಿಹಡಗುಗಳು ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಎಂಜಿನ್ನಿಗೆ, ಲಾರಿಗೆ ಜಾಗ ಬಿಟ್ಟುಕೊಟ್ಟವು. ಹುಡುಗರಾಗಿ ಅವುಗಳ ಹಗ್ಗ ಹಿಡಿದ ಖಾರ್ವಿ, ಹರಿಕಂತ್ರ, ಮೊಗೇರ ಮನೆಗಳ ಅಜ್ಜಂದಿರು ಯಾರಾದರೂ ಇದ್ದರೆ ಈಗ ಎಂಬತ್ತರ ಆಚೆ ಇರುತ್ತಾರೆ. ಮಳೆಗಾಲ ಮುಗಿದ ಮೇಲೆ ತದಡಿ, ಹೊನ್ನಾವರಗಳಿಗೆ ಹೋಗಲು ಪ್ರಶ್ನೆಗಳ ಪಟ್ಟಿ ಮಾಡಿಕೊಂಡಿದ್ದೇನೆ. ಕಪ್ಪಿಯಲ್ಲಿ ಗಾಲಿ ಎಷ್ಟಿರುತ್ತಿದ್ದವು, ಗಾಲಿಗೆ ಏನು ಸವರುತ್ತಿದ್ದಿರಿ, ಓರೆಮರಕ್ಕೆ ನೀವು ಏನನ್ನುತ್ತಿದ್ದಿರಿ, ಹಾಡು ಹೇಳಿಕೊಡುತ್ತಿದ್ದವರು ಯಾರು, ಆ ಹೇಳಿಕೊಡುವವರೂ ಹಗ್ಗ ಎಳೆಯುತ್ತಿದ್ದರೇ.